ಅಪ್ಪಣೆ ಪಡೆದು ಕುಣಿಯುವ ಊರು

ಸ್ಟಾಕ್‌ಹೋಮಿನ ನೈಟ್‌ಲೈಫ್ ನೋಡಲು ಜೂನ್ ತಿಂಗಳಲ್ಲಿ ಹೋದರೆ ಒಂದು ತೊಡಕಿದೆ. ಅಲ್ಲಿ ಲೈಫ್ ಇರುತ್ತದೆ, ನೈಟ್ ಇರುವುದಿಲ್ಲ. ಸೂರ್ಯ ಮುಳುಗುವ ಹೊತ್ತಿಗೆ ಗಂಟೆ ಹತ್ತು ದಾಟಿರುತ್ತದೆ. ಬೆಳಗಿನ ಮೂರೂವರೆಗೆಲ್ಲ ಮತ್ತೆ ಹಾಜರಾಗುತ್ತಾನೆ. ಡಿಸೆಂಬರಿನಲ್ಲಿ ಹೋದರೆ ಇನ್ನೊಂದು ಪೇಚಾಟ. ಮಧ್ಯಾಹ್ನ ಮೂರಾಗುವ ಮೊದಲೇ ಕತ್ತಲಾಗಿ, ಉಂಡದ್ದು ಅರಗುವ ಮುಂಚೆ ನೈಟ್ ಬಂದು ಕೂತಿರುತ್ತದೆ. ಕುಡಿತಕ್ಕೊಂದು ಮರೆ ಬೇಕು ಎಂಬ ಸಂಸ್ಕಾರದಲ್ಲಿ ಬೆಳೆದವನು ನಾನು. ಬಾರಿನ ಬಾಗಿಲಿಗೆ ಪರದೆ, ಒಳಗೆ ಮಂದ ಬೆಳಕು, ಪಾರ್ಸಲ್ಲಿಗೆ ಕಪ್ಪು ಕವರು, ಇಷ್ಟಿಲ್ಲದೆ ಗುಂಡು ಹಾಕುವುದನ್ನು ನಾನು ಕಂಡವನಲ್ಲ. ಇಲ್ಲಿ ರಾತ್ರಿ ಹತ್ತಕ್ಕೆ, ಹಗಲು ಬೆಳಕಿನಲ್ಲಿ, ರಸ್ತೆಗೆ ಮುಖ ಮಾಡಿ, ಅಜ್ಜ ಅಜ್ಜಿಯರು ಹೊದಿಕೆ ಹೊದ್ದು ಕೂತು ಬಿಯರ್ ಹೀರುತ್ತಿದ್ದರು. ನಾಚಿಕೆಯಾದದ್ದು ಅವರಿಗಲ್ಲ, ನನಗೆ.

ನನ್ನನ್ನು ಊರು ಸುತ್ತಿಸಿದವನು ಸೋದರಳಿಯ. ಐಟಿ, ಟೆಲಿಕಾಂ ಕಂಪನಿಗಳು ತುಂಬಿರುವ ಕಿಸ್ತಾದಲ್ಲಿ ಅವನ ಕೆಲಸ. ಶನಿವಾರ ಊಟ ಮುಗಿಯುತ್ತಿದ್ದಂತೆ, “ಮಾಮ, ಬೇಗ ಚಪ್ಪಲಿ ಹಾಕ್ಕೊಳ್ಳಿ, ಮೂರಕ್ಕೆ ಮುಚ್ಚಿಬಿಡ್ತಾರೆ” ಎಂದು ಅವಸರ ಮಾಡಿದ. ಬ್ಯಾಂಕಿಗಿರಬೇಕು ಎಂದುಕೊಂಡೆ. ಹೋಗಿದ್ದು ಸಿಸ್ಟೆಮ್‌ಬೊಲಾಗೆಟ್ ಎಂಬ ಸರ್ಕಾರಿ ಹೆಂಡದಂಗಡಿಗೆ. ಸ್ವೀಡನ್ನಿನಲ್ಲಿ ಶೇ. 3.5ಕ್ಕಿಂತ ಹೆಚ್ಚು ಮದ್ಯಸಾರವಿರುವ ಬಿಯರ್ ಆಗಲಿ, ವೈನ್, ವಿಸ್ಕಿಗಳಾಗಲಿ ಮನೆಗೆ ಒಯ್ಯಬೇಕಾದರೆ ಸಾಮಾನ್ಯವಾಗಿ ಇಲ್ಲಿಗೇ ಬರಬೇಕು. ಶನಿವಾರ ಮಧ್ಯಾಹ್ನವೇ ಬಾಗಿಲು, ಭಾನುವಾರ ಪೂರ್ತಿ ರಜೆ. ಬಾರಿನಲ್ಲಿ ಕುಡಿಯಲು ಹದಿನೆಂಟು ತುಂಬಿದರೆ ಸಾಕು, ಇಲ್ಲಿ ಕೊಳ್ಳಲು ಇಪ್ಪತ್ತಾಗಬೇಕು. ಎರಡು ಕೊಂಡರೆ ಒಂದು ಉಚಿತ ಎಂಬ ಮಾತೇ ಇಲ್ಲ. ಬಿಯರನ್ನು ತಣ್ಣಗೆ ಮಾಡಿ ಇಡುವುದೂ ಇಲ್ಲ. ತಣ್ಣಗಿದ್ದರೆ ಜನ ಕುಡಿದುಬಿಟ್ಟಾರು!

ನಮ್ಮಲ್ಲೂ ಎಂಎಸ್‌ಐಎಲ್ ಅಂಗಡಿಗಳಿವೆ, ಅವೂ ಸರ್ಕಾರದವೇ. ಆದರೆ ನಮ್ಮ ಸರ್ಕಾರ ಬಜೆಟ್ ಬಂದಾಗಲೆಲ್ಲ ಅಬಕಾರಿಗೆ ಹೊಸ ಗುರಿ ಹಾಕಿಕೊಂಡು, ಅದು ಮುಟ್ಟಲಿ ಎಂದು ಹಾರೈಸುತ್ತದೆ. ಅವರ ಸರ್ಕಾರ ಅಂಗಡಿ ತೆರೆದಿರುವುದೇ ಜನ ಕಡಿಮೆ ಕೊಳ್ಳಲಿ ಎಂದು. ಗಿರಾಕಿ ಬಾರದಿರಲಿ ಎಂದು ಗಲ್ಲಾ ಮೇಲೆ ಕೂತವನೇ ಬಯಸುವ ವ್ಯಾಪಾರವನ್ನು ನಾನು ಬೇರೆಲ್ಲೂ ನೋಡಿಲ್ಲ.

ಇದಕ್ಕೊಂದು ಇತಿಹಾಸವಿದೆ. ಹಿಂದೆ ಸ್ವೀಡಿಷ್ ಜನ ಬ್ರೆನ್‌ವಿನ್ ಎಂಬ ನಾಡಸಾರಾಯಿಯನ್ನು ಕುಡಿದ ಪರಿಗೆ ಸರ್ಕಾರ ಬೆಚ್ಚಿತು. ಇವಾನ್ ಬ್ರಾಟ್ ಎಂಬ ವೈದ್ಯರು ಒಂದು ಉಪಾಯ ಹೂಡಿದರು. ಪೂರ್ತಿ ನಿಷೇಧ ಬೇಡ, ಅಕ್ಕಿ ಸಕ್ಕರೆಗೆ ಕೊಟ್ಟ ಹಾಗೆ ಹೆಂಡಕ್ಕೂ ಪಡಿತರ ಪುಸ್ತಕ ಕೊಡಿ ಎಂದರು. 1917ರ ಹೊತ್ತಿಗೆ ಬಂದ ಈ ಪುಸ್ತಕ 1955ರವರೆಗೆ ನಡೆಯಿತು. ಎಷ್ಟು ಕೊಂಡಿರಿ ಎಂಬುದಕ್ಕೆ ಪುಟಪುಟದಲ್ಲೂ ಮೊಹರು. ಗಂಡನ ಹೆಸರಿನಲ್ಲಿ ಪುಸ್ತಕ ಇರುವಾಗ ಹೆಂಡತಿಗೆ ಬೇರೆ ಯಾಕೆ ಎಂದು ಮದುವೆಯಾದ ಹೆಂಗಸರಿಗೆ ಕೊಡುತ್ತಲೇ ಇರಲಿಲ್ಲ. ಹೋಟೆಲಿನಲ್ಲಿ ಕುಡಿಯಬೇಕಾದರೆ ಊಟ ತರಿಸಲೇಬೇಕಿತ್ತು. ಹಾಗಾಗಿ ಯಾರೂ ಮುಟ್ಟದ ಒಂದೇ ಬ್ರೆಡ್ ತುಂಡು ಮೇಜಿನಿಂದ ಮೇಜಿಗೆ ಸಂಜೆಯೆಲ್ಲ ಸಂಚಾರ ಮಾಡುತ್ತಿತ್ತು ಎಂದು ಅಲ್ಲಿನವರು ಈಗಲೂ ಹೇಳಿಕೊಂಡು ನಗುತ್ತಾರೆ.

ನಡುವೆ 1922ರಲ್ಲಿ, ಪೂರ್ತಿ ಪಾನನಿಷೇಧ ಬೇಕೋ ಬೇಡವೋ ಎಂದು ದೇಶವನ್ನೇ ಕೇಳಿದರು. ಗಂಡಸರ ಮತ ಹೆಂಗಸರ ಮತ ಬೇರೆ ಬೇರೆ ಎಣಿಸಿದ್ದರಿಂದ ಮನೆಯೊಳಗಿನ ಜಗಳ ಲೆಕ್ಕಕ್ಕೆ ಸಿಕ್ಕಿತು: ಗಂಡಸರಲ್ಲಿ ಹೆಚ್ಚಿನವರು ಬೇಡವೆಂದರು, ಹೆಂಗಸರಲ್ಲಿ ಹೆಚ್ಚಿನವರು ಬೇಕೆಂದರು. ಕೊನೆಗೆ ಶೇ. 51 ಬೇಡ, ಶೇ. 49 ಬೇಕು. ಗೆಲ್ಲಿಸಿದ್ದು ಸೀಗಡಿ ಎಂದು ಹೇಳುವವರಿದ್ದಾರೆ. ಚಿತ್ರಕಾರ ಆಲ್ಬರ್ಟ್ ಎಂಗ್‌ಸ್ಟ್ರೋಮ್ ಕೆಂಪಗೆ ಬೆಂದ ಹೊಳೆಸೀಗಡಿಗಳ ತಟ್ಟೆಯನ್ನು ಬಿಡಿಸಿ, ಇದಕ್ಕೆ ಗುಂಡು ಬೇಕೇ ಬೇಕು, ನಿಷೇಧ ಬಂದರೆ ಇದನ್ನೂ ಮರೆತುಬಿಡಿ ಎಂಬ ಅರ್ಥದ ಪೋಸ್ಟರ್ ಮಾಡಿದ್ದ. ಮತದಾನ ಇಟ್ಟದ್ದು ಆಗಸ್ಟ್ ಕೊನೆಯಲ್ಲಿ. ಅದೇ ಅಲ್ಲಿ ಹೊಳೆಸೀಗಡಿ ತಿನ್ನುವ ಕಾಲ. ದಿನ ಗೊತ್ತು ಮಾಡಿದವರಿಗೆ ರಾಜಕೀಯ ತಿಳಿದಿತ್ತೇನೋ, ಅಡುಗೆಮನೆ ತಿಳಿದಿರಲಿಲ್ಲ.

ಇಂಥ ಹಿನ್ನೆಲೆಯ ಊರಿನಲ್ಲಿ ಈಗಲೂ ಬಾರಿನಲ್ಲಿ ಒಂದು ದೊಡ್ಡ ಲೋಟ ಬಿಯರಿಗೆ 80–90 ಕ್ರೋನದವರೆಗೂ ಬೆಲೆ, ನಮ್ಮ ರೂಪಾಯಿಗೆ ತಿರುಗಿಸಿದರೆ ಕೈ ಸುಡುತ್ತದೆ. ಆದ್ದರಿಂದ ಜನ ಸರ್ಕಾರಿ ಅಂಗಡಿಯ ಸರಕನ್ನು ಮೊದಲು ಮನೆಯಲ್ಲೇ ಇಳಿಸಿಕೊಂಡು ಆಮೇಲೆ ಊರಿಗೆ ಹೊರಡುತ್ತಾರೆ. ಇಲ್ಲೇ ನಿಜವಾದ ಕಷ್ಟ. ಕುಡಿದು ತೂರಾಡುವವನಿಗೆ ಬಾರಿನಲ್ಲಿ ಕುಡಿಯಲು ಕೊಡಬಾರದು ಎಂದು ಅಲ್ಲಿನ ಕಾನೂನು ಹೇಳುತ್ತದೆ. ಬಾಗಿಲಲ್ಲಿ ನಿಲ್ಲುವ ಕಾವಲುಗಾರರಲ್ಲಿ ಅನೇಕರಿಗೆ ಪೊಲೀಸ್ ಇಲಾಖೆಯೇ ಅಧಿಕಾರ ಕೊಟ್ಟಿರುತ್ತದೆ. ಹೀಗಾಗಿ ಮನೆಯಲ್ಲಿ ಕುಡಿದದ್ದನ್ನು ಬಾಗಿಲು ದಾಟುವವರೆಗೆ ಕುಡಿದಿಲ್ಲವೆಂಬಂತೆ ಅಭಿನಯಿಸಬೇಕು. ಅಳಿಯನ ಗೆಳೆಯರ ತಂಡ ಹಾಡುತ್ತ ಕೂಗುತ್ತ ಬಂದದ್ದು, ಬೀದಿಯ ತಿರುವಿನಲ್ಲಿ ಒಮ್ಮೆಲೇ ಗಂಭೀರವಾಯಿತು. ಒಬ್ಬನು ಅಂಗಿಯ ಗುಂಡಿ ಸರಿಮಾಡಿಕೊಂಡ. ಒಬ್ಬಳು ಗೃಹಸಾಲದ ಬಡ್ಡಿದರದ ಬಗ್ಗೆ ಮಾತು ತೆಗೆದಳು. ಎಲ್ಲರೂ ಗೆರೆ ಎಳೆದಂತೆ ನಡೆದು ಒಳಗೆ ಹೋದರು.

ಕಾವಲುಗಾರ ಕೈ ಅಡ್ಡ ಇಟ್ಟದ್ದು ನನಗೆ. ನನ್ನ ಎಡಮಂಡಿ ಹಳೆಯ ಸಂಧಿವಾತದ್ದು. ಹೊತ್ತು ಮೀರಿದರೆ ಅದು ತನ್ನ ದಾರಿ ತಾನು ಹಿಡಿಯುತ್ತದೆ. “ಇವತ್ತು ಎಷ್ಟು ಕುಡಿದಿದ್ದೀರಿ?” ಎಂದು ಬಹಳ ಮರ್ಯಾದೆಯಿಂದ ಕೇಳಿದ. ಲಿಂಗಾನ್‌ಬೆರಿ ಶರಬತ್ತು ಎಂದೆ. ಎಲ್ಲ ಕುಡುಕರೂ ಹೇಳುವ ಮಾತು ಎಂಬಂತೆ ತಲೆದೂಗಿದ. ಅಳಿಯ ಓಡಿಬಂದು, ಬಾಯಿಂದ ಬರುತ್ತಿದ್ದ ವೋಡ್ಕಾ ವಾಸನೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡು, ನಾನು ಕುಡಿದಿಲ್ಲವೆಂದು ಜಾಮೀನು ನಿಂತ. ಒಳಗೆ ಬಂದ ಮೇಲೆ, “ಮಾಮ, ಅತ್ತೆಗೆ ಇದನ್ನೆಲ್ಲ ಹೇಳೋಕೆ ಹೋಗ್ಬೇಡಿ” ಎಂದ. ಹೇಳಿದರೂ ಅವಳು ಮಂಡಿಯ ಕಥೆಯನ್ನು ನಂಬುವವಳಲ್ಲ.

ಹಣವಂತರು ಹೋಗುವುದು ಸ್ಟೂರೆಪ್ಲಾನ್ ಚೌಕಕ್ಕೆ. ಅಲ್ಲಿ ಅಣಬೆಯ ಆಕಾರದ ಕಾಂಕ್ರೀಟ್ ಕೊಡೆಯೊಂದಿದೆ, ಮೊದಲು ಕಟ್ಟಿದ್ದು 1937ರಲ್ಲಿ. ಗೆಳೆಯರು ಸೇರುವ ಗುರುತು. ಸುತ್ತಲಿನ ಕ್ಲಬ್ಬುಗಳ ಮುಂದೆ ಉದ್ದನೆಯ ಸಾಲುಗಳು. ಮದುವೆಮನೆಯ ಎರಡನೇ ಪಂಕ್ತಿಗೆ ಕಾದವರಂತೆ ಎಲ್ಲರ ಕಣ್ಣೂ ಬಾಗಿಲ ಮೇಲೆ. ಆದರೆ ಇಲ್ಲಿ ಎಲೆ ಖಾಲಿಯಿದ್ದರೂ ಕರೆಯುವುದಿಲ್ಲ. ಹೊರಗೆ ಸಾಲು ಇದ್ದರೇ ಒಳಗಿನವರಿಗೆ ಬೆಲೆ. 2010ರ ಬೇಸಿಗೆಯಲ್ಲಿ ಈ ವರ್ಗದ ಹುಡುಗರು ಒಂದು ವಿದ್ಯೆ ಕಂಡುಹಿಡಿದರು. ಷಾಂಪೇನ್ ಎರಚಾಡುವುದನ್ನು ಕ್ಲಬ್ಬಿನವರು ಬೇಡವೆಂದಾಗ ಎರಡು ಬಾಟಲಿ ತರಿಸಿ, ಒಂದನ್ನು ಸಿಂಕಿಗೆ ಸುರಿಯಲು ಹೇಳುವುದು! ಪಡಿತರ ಪುಸ್ತಕಕ್ಕೆ ಮೊಹರು ಹಾಕಿಸಿಕೊಂಡು ಬಾಟಲಿ ಒಯ್ದವರ ಮೊಮ್ಮಕ್ಕಳು ಇವರು. ಬರ್ಫದ ಲೋಟದಲ್ಲಿ ಕುಡಿಸುವ ಐಸ್‌ಬಾರ್ ಕೂಡ ಇದೆ. ಸೊನ್ನೆಗಿಂತ ಐದು ಡಿಗ್ರಿ ಕೆಳಗಿನ ಚಳಿಗೆ ಟಿಕೆಟ್ ಕೊಂಡು, ಅವರೇ ಕೊಡುವ ಕಂಬಳಿಕೋಟು ತೊಟ್ಟು ನಿಲ್ಲಬೇಕು. ಚಳಿಗಾಲದಲ್ಲಿ ಅದೇ ಚಳಿ ಬಾಗಿಲಾಚೆ ಪುಕ್ಕಟೆ ಸಿಗುತ್ತದೆ.

ನನಗೆ ಹಿಡಿಸಿದ್ದು ಸೋಡರ್‌ಮಾಲ್ಮ್ ದ್ವೀಪ. ಎತ್ತರದ ಚಾವಣಿಯ ಹಳೆಯ ಬಿಯರ್ ಹಾಲುಗಳು, ಅದಕ್ಕೆ ತಕ್ಕ ಗದ್ದಲ. ಅಲ್ಲೊಂದು ಕಡೆ ಹಾಡು ಜೋರಾದಾಗ ನನ್ನ ಮಂಡಿಯೂ ಸ್ವಲ್ಪ ಲಯ ಹಿಡಿಯಿತು. ಆಗ ಅಳಿಯ ಹೇಳಿದ, ಕೆಲವು ವರ್ಷಗಳ ಹಿಂದೆಯಾದರೆ ನನ್ನ ಮಂಡಿಯಿಂದ ಬಾರಿನ ಮಾಲೀಕನಿಗೆ ತೊಂದರೆಯಾಗುತ್ತಿತ್ತಂತೆ! ಬಾರಿನಲ್ಲಿ ಜನ ಕುಣಿಯಬೇಕಾದರೆ ಮಾಲೀಕ ಪೊಲೀಸರಿಂದ ಕುಣಿತದ ಪರವಾನಗಿ ಪಡೆದಿರಬೇಕಿತ್ತು. ಇಲ್ಲದೆ ಗಿರಾಕಿ ತಾನಾಗಿ ಕುಣಿದರೂ ದಂಡ ಮಾಲೀಕನಿಗೆ. ಕುಣಿಯಬಾರದು ಎಂದು ಬೋರ್ಡು ಹಾಕಿದ ಬಾರುಗಳಿದ್ದವು. ಹಾಗಾದರೆ ತಾಳಕ್ಕೆ ತಲೆಯಾಡಿಸಿದರೆ ಕುಣಿತವೇ? ಹೆಗಲು ಕುಣಿಸಿದರೆ? ಎರಡೂ ಪಾದ ನೆಲ ಬಿಡಬೇಕೋ? ಭರತಮುನಿಯೂ ಬಿಡಿಸದ ಈ ಪ್ರಶ್ನೆಗಳನ್ನು ಸ್ಟಾಕ್‌ಹೋಮಿನ ಪೇದೆಗಳು ಬಾಗಿಲಲ್ಲಿ ನಿಂತು ಬಿಡಿಸಬೇಕಾಗಿತ್ತು. 2023ರ ಜುಲೈ 1ರಂದು ಪರವಾನಗಿ ರದ್ದಾಯಿತು. ಪೊಲೀಸರಿಗೆ ಒಂದು ಮಾತು ತಿಳಿಸಿದರೆ ಸಾಕೆಂದಾಯಿತು. ನಗುವ ಹಕ್ಕು ನನಗಿಲ್ಲ. ಬೆಂಗಳೂರಿನಲ್ಲೂ ಡಿಸ್ಕೊಗಳಿಗೆ ಪೊಲೀಸ್ ಕಮಿಷನರರ ಲೈಸೆನ್ಸ್ ಬೇಕೆಂಬ 2005ರ ಆದೇಶವಿದೆ.

ಹಳೆಯ ಪೇಟೆ ಗಾಮ್ಲಾ ಸ್ತಾನ್‌ನಲ್ಲಿ 1722ರಿಂದ ನಡೆದುಬಂದ ‘ದೆನ್ ಗಿಲ್ದೆನೆ ಫ್ರೆದೆನ್’ ಎಂಬ ಖಾನಾವಳಿಯಿದೆ. ಚಿತ್ರಕಾರ ಆಂಡರ್ಸ್ ಸೋರ್ನ್ ಅದನ್ನು ಕೊಂಡು ಸ್ವೀಡಿಷ್ ಅಕಾಡೆಮಿಗೆ ಬಿಟ್ಟುಹೋದ. ಸಾಹಿತ್ಯದ ನೊಬೆಲ್ ಕೊಡುವ ಸದಸ್ಯರು ಗುರುವಾರದ ಸಭೆ ಮುಗಿಸಿ ಉಣ್ಣುವುದು ಅಲ್ಲೇ. ನಾನು ಹೋದದ್ದು ಗುರುವಾರವಲ್ಲ. ಆಗಿದ್ದರೆ ನಮ್ಮ ಎಂಟು ಜ್ಞಾನಪೀಠಗಳ ಸುದ್ದಿಯನ್ನು ಪಕ್ಕದ ಮೇಜಿಗೆ ಕೇಳಿಸುವಷ್ಟು ಗಟ್ಟಿಯಾಗಿ ಆಡಿಬರುತ್ತಿದ್ದೆ.

ಇಷ್ಟೆಲ್ಲ ಬಿಗಿ ಸಡಿಲವಾಗುವುದು ನೀರಿನ ಮೇಲೆ. ಸಂಜೆ ಫಿನ್‌ಲೆಂಡಿನ ಕಡೆ ಹೊರಡುವ ದೊಡ್ಡ ಹಡಗುಗಳು ಇರುಳಿನಲ್ಲಿ ಓಲಂಡ್ ದ್ವೀಪವನ್ನು ಮುಟ್ಟಿಹೋಗುತ್ತವೆ. ಇಳಿಯುವವರು ವಿರಳ. ಐರೋಪ್ಯ ಒಕ್ಕೂಟದೊಳಗೆ 1999ರಲ್ಲಿ ತೆರಿಗೆರಹಿತ ಮಾರಾಟ ನಿಂತರೂ ಓಲಂಡ್ ಆ ತೆರಿಗೆ ವ್ಯವಸ್ಥೆಯ ಹೊರಗೆ ಉಳಿದಿದೆ. ಅದನ್ನು ಮುಟ್ಟಿದರೆ ಹಡಗಿನ ಗುಂಡು ಅಗ್ಗ. ನಾವೂ ಹತ್ತಿದೆವು. ಮುದುಕರು ಜೋಡಿ ಜೋಡಿಯಾಗಿ ಬ್ಯಾಂಡಿಗೆ ಕುಣಿದರು, ಲೆಕ್ಕಪರಿಶೋಧಕರಂತೆ ಕಾಣುವವರು ಕ್ಯಾರಿಯೋಕೆಯಲ್ಲಿ ಅತ್ತರು. ಅರವತ್ತು ದಾಟಿದ ಮಹಿಳೆಯೊಬ್ಬರು ನನ್ನ ಕೈಹಿಡಿದೆಳೆದು ಎರಡು ಹಾಡು ಕುಣಿಸಿ, ಸ್ವೀಡಿಷ್ ಭಾಷೆಯಲ್ಲಿ ತಮ್ಮ ಬದುಕಿನ ಕಥೆಯನ್ನೆಲ್ಲ ಹೇಳಿದರು. ನಾನು ಕನ್ನಡದಲ್ಲಿ ಹೌದೌದು ಎಂದೆ.

ಬೆಳಿಗ್ಗೆ ಲಿಫ್ಟಿನಲ್ಲಿ ಅವರೇ ಸಿಕ್ಕರು. ತಳ್ಳುಗಾಡಿಯಲ್ಲಿ ಎದೆಯೆತ್ತರ ಬಿಯರ್ ಡಬ್ಬಿಗಳು. ನಾನು ನಕ್ಕು ಗುಡ್ ಮಾರ್ನಿಂಗ್ ಎಂದೆ. ಅವರು ನನ್ನ ತಲೆಯ ಮೇಲಿದ್ದ ಲೈಫ್ ಜಾಕೆಟ್ ತೊಡುವ ಸೂಚನೆಯನ್ನು ಮೊದಲಿನಿಂದ ಕೊನೆಯವರೆಗೆ, ನಾಲ್ಕೂ ಭಾಷೆಗಳಲ್ಲಿ ಓದಿದರು.