ಮೀಸೆಗೊಂದು ತಟ್ಟೆ

ನಮ್ಮ ಮನೆಯಲ್ಲಿ ಯಾರು ಯಾವುದರಲ್ಲಿ ತಿನ್ನಬೇಕು, ಯಾವುದರಲ್ಲಿ ಕುಡಿಯಬೇಕು ಎನ್ನುವುದಕ್ಕೆ ಬರೆದಿಡದ ಕಾನೂನಿದೆ. ನನಗೆ ಅಂಚು ಎತ್ತರದ ಸ್ಟೀಲ್ ತಟ್ಟೆ. ಸಾರನ್ನು ನೆಲಕ್ಕೆ ಹರಿಸುತ್ತೇನೆಂಬ ಹಳೆಯ ಆರೋಪ ನನ್ನ ಮೇಲಿದೆ. ಮಗಳಿಗೆ ಮೈಕ್ರೋವೇವಿಗೆ ಹೋಗಿಬರುವ ಬಟ್ಟಲು. ನೆಂಟರಿಗೆ ಹೂವಿನ ಚಿತ್ರದ ಪಿಂಗಾಣಿ. ನನ್ನವಳಿಗೆ, ಎಲ್ಲರದೂ ಆದಮೇಲೆ ಕೈಗೆ ಸಿಕ್ಕಿದ್ದು. ಕೆಲಸಕ್ಕೆ ಬರುವಾಕೆಗೆ ಅಡುಗೆಮನೆಯ ಕಿಟಕಿಯಲ್ಲಿ ಬೋರಲು ಹಾಕಿಟ್ಟ ಒಂದು ಲೋಟ. ಈ ಸಂವಿಧಾನ ಮೂವತ್ತು ವರ್ಷ ಒಂದೂ ತಿದ್ದುಪಡಿಯಿಲ್ಲದೆ ನಡೆದಿತ್ತು. ಶಾನುಭೋಗರು ಬಂದಮೇಲೆ ಕೆಟ್ಟಿತು.

ಶಾನುಭೋಗರೆಂದರೆ ಬೆಕ್ಕು. ಒಂದು ಮಳೆಸಂಜೆ ಮಗಳ ದುಪಟ್ಟಾದಲ್ಲಿ ಸುತ್ತಿಕೊಂಡು ಮನೆ ಸೇರಿದ ಬೂದುಪಟ್ಟೆಯ ಗಂಡುಮರಿ. ಮುಂಗಾಲು ಮಡಿಸಿ, ಕಣ್ಣು ಅರ್ಧ ಮುಚ್ಚಿ, ಊರಿನ ಖಾತೆ ಖಿರ್ದಿಯೆಲ್ಲ ತನ್ನ ಹೊಟ್ಟೆಯ ಕೆಳಗೇ ಇದೆ ಎನ್ನುವ ಗತ್ತಿನಲ್ಲಿ ಕೂರುತ್ತಿದ್ದುದರಿಂದ ಆ ಹೆಸರು ಬಂತು. ಹೆಸರಿನ ಜೊತೆಗೆ ಬಹುವಚನವೂ ಬಂತು. ನನ್ನನ್ನು ಈ ಮನೆಯಲ್ಲಿ ಯಾರೂ ಬಹುವಚನದಲ್ಲಿ ಕರೆದದ್ದಿಲ್ಲ.

ನಮ್ಮದು ಈರುಳ್ಳಿ ಹೆಚ್ಚುವುದಕ್ಕೂ ಪಂಚಾಂಗ ನೋಡುವ ಮನೆ. ಶಾನುಭೋಗರಿಗೆ ಮೊದಲು ನಡೆದದ್ದು ಮೊಸರನ್ನದ ಉಪಚಾರ. ಅವರು ಮೊಸರು ನೆಕ್ಕಿ ಅನ್ನವನ್ನು ನಮಗೆ ಬಿಟ್ಟರು. ಯುಗಾದಿಯ ದಿನ ನನ್ನವಳು ಪ್ರೀತಿಯಿಂದ ಒಂದು ಚೂರು ಮೈಸೂರು ಪಾಕ್ ಇಟ್ಟಳು. ಮೂಸಿ ನೋಡಿ, ಮಣ್ಣು ಮುಚ್ಚುವವರ ಹಾಗೆ ನೆಲ ಕೆರೆದು ಎದ್ದುಹೋದರು. ಅವಳಿಗಾದ ಅವಮಾನ ಅಷ್ಟಿಷ್ಟಲ್ಲ. ಬೆಕ್ಕಿನ ನಾಲಿಗೆಗೆ ಸಿಹಿ ತಿಳಿಯುವುದೇ ಇಲ್ಲ, ಸಿಹಿಯನ್ನು ಗುರುತಿಸುವ ಎರಡು ಜೀನ್‌ಗಳಲ್ಲಿ ಒಂದು ಅದರಲ್ಲಿ ಕೆಟ್ಟು ಕೂತಿದೆ, ಫಿಲಡೆಲ್ಫಿಯಾದ ವಿಜ್ಞಾನಿಗಳು 2005ರಲ್ಲೇ ಇದನ್ನು ಕಂಡುಹಿಡಿದಿದ್ದಾರೆ ಎಂದು ಮಗಳು ಮೊಬೈಲು ನೋಡಿ ಓದಿ ಹೇಳಿದಮೇಲೆ ಸಿಟ್ಟು ಕರುಣೆಯಾಯಿತು. ಮೈಸೂರಿನಲ್ಲಿ ಹುಟ್ಟಿ ಮೈಸೂರು ಪಾಕಿನ ರುಚಿ ತಿಳಿಯದ ಜೀವ!

ಪಶುವೈದ್ಯರು ನಮ್ಮ ಮೊಸರನ್ನದ ಕತೆ ಕೇಳಿ ಕನ್ನಡಕ ತೆಗೆದರು. ಬೆಕ್ಕು ಹುಟ್ಟಾ ಮಾಂಸಾಹಾರಿ. ಮಾಂಸ ಮೀನಿನಲ್ಲಿರುವ ಟಾರಿನ್ ಎಂಬ ವಸ್ತು ಸಾಲದಿದ್ದರೆ ಅದರ ಕಣ್ಣೂ ಹೋಗುತ್ತದೆ, ಹೃದಯವೂ ಹಿಗ್ಗಿ ಸೋಲುತ್ತದೆ ಎಂದರು. ಈರುಳ್ಳಿ, ಬೆಳ್ಳುಳ್ಳಿ ಅದಕ್ಕೆ ವಿಷ, ಹುಳಿ ಸಾರು ಕಲಸಿ ಹಾಕಬೇಡಿ ಎಂದರು. ಬೆಳೆದ ಬೆಕ್ಕಿಗೆ ಸಾಮಾನ್ಯವಾಗಿ ಹಾಲೂ ಒಗ್ಗುವುದಿಲ್ಲವಂತೆ. ಬಿಸಿ ಹಾಲಿಟ್ಟು ಬೆಕ್ಕಿನ ಬಾಯಿ ಸುಟ್ಟ ತೆನಾಲಿ ರಾಮಕೃಷ್ಣ ಅರಿಯದೆ ಅದರ ಹೊಟ್ಟೆ ಕಾಪಾಡಿದ್ದನೆಂದು ನನಗೆ ಹೊಳೆದದ್ದು ಆಗಲೇ. ಕೊನೆಗೆ ಅವರು ಚೀಟಿಯಲ್ಲಿ ಬರೆದದ್ದು ವೆಟ್ ಫುಡ್. ಒಣ ಕಾಳಿನಲ್ಲಿ ನೀರಿನ ಅಂಶ ನೂರಕ್ಕೆ ಸುಮಾರು 10, ಇದರಲ್ಲಿ 75ರಿಂದ 80. ಬೆಕ್ಕಿನ ಪೂರ್ವಿಕರು ಮರುಭೂಮಿಯ ಕಡೆಯವರಾದ್ದರಿಂದ ಇವರಿಗೆ ಬಾಯಾರಿಕೆಯೇ ಕಡಿಮೆ. ನೀರನ್ನು ಊಟದಲ್ಲೇ ಸೇರಿಸಿ ಕಳಿಸಬೇಕು.

ಹೀಗೆ 85 ಗ್ರಾಮಿನ ಮೀನಿನ ಪೊಟ್ಟಣ ನಮ್ಮ ಮನೆಯ ಹೊಸ್ತಿಲು ದಾಟಿತು. ನನ್ನವಳು ಮೂಗಿಗೆ ಸೆರಗು ಹಿಡಿದು ಒಂದೇ ಷರತ್ತು ಹಾಕಿದಳು: “ತಿನ್ನಲಿ, ಪಾಪ. ಆದರೆ ಅಡುಗೆಮನೆಯ ಒಂದು ಪಾತ್ರೆಯನ್ನೂ ಮುಟ್ಟಕೂಡದು.” ಮೀನಿಗಿಂತ ಕಷ್ಟದ ಪ್ರಶ್ನೆ ಅಲ್ಲಿ ಹುಟ್ಟಿತು. ಯಾವುದರಲ್ಲಿ ಬಡಿಸುವುದು?

ಮೊದಲ ಪ್ರಯೋಗ ಐಸ್‌ಕ್ರೀಮಿನ ಖಾಲಿ ಡಬ್ಬಿ. ನಮ್ಮ ಮನೆಗಳಲ್ಲಿ ಪ್ಲಾಸ್ಟಿಕ್ ಡಬ್ಬಿಗೆ ಸಾವಿಲ್ಲ. ಐಸ್‌ಕ್ರೀಮ್ ಮುಗಿದಮೇಲೆ ಅದು ಹಿಟ್ಟಿನ ಡಬ್ಬಿ, ಆಮೇಲೆ ಗುಂಡಿ ಸೂಜಿಯ ಡಬ್ಬಿ, ಕೊನೆಗೆ ಬೆಕ್ಕಿನ ಡಬ್ಬಿ. ಮೂರು ವಾರದಲ್ಲಿ ಶಾನುಭೋಗರ ಗಲ್ಲದ ಕೆಳಗೆ ಕರಿ ಎಳ್ಳು ಉದುರಿಸಿದಂತೆ ಚುಕ್ಕಿಗಳೆದ್ದವು. ಚಿಗಟವೆಂದು ನಾವು ಬಾಚಣಿಗೆ ಹಿಡಿದು ಹೊರಟರೆ, ವೈದ್ಯರು ಮೊಡವೆ ಎಂದರು! ಪ್ಲಾಸ್ಟಿಕ್ಕಿನ ಮೇಲೆ ಕಣ್ಣಿಗೆ ಕಾಣದ ಗೀರುಗಳು ಬೀಳುತ್ತವೆ, ಅವುಗಳಲ್ಲಿ ಜಿಡ್ಡೂ ಸೂಕ್ಷ್ಮಾಣುಗಳೂ ಮನೆ ಮಾಡುತ್ತವೆ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ, ಗಲ್ಲದ ಮೊಡವೆಗೆ ಇದೂ ಒಂದು ಕಾರಣವಿರಬಹುದು, ಮೊದಲು ಪಾತ್ರೆ ಬದಲಿಸಿ ಎಂದು ಸಲಹೆಯಿತ್ತರು. ಹದಿಹರೆಯದಲ್ಲಿ ನನ್ನ ಮುಖದ ತುಂಬ ಮೊಡವೆಯಿದ್ದಾಗ ಯಾರೂ ನನ್ನ ತಟ್ಟೆ ಬದಲಿಸಲಿಲ್ಲ.

ಎರಡನೆಯದು ಮಗಳು ಆನ್‌ಲೈನಿನಲ್ಲಿ ತರಿಸಿದ ಬಟ್ಟಲು. ಬೆಲೆ 650 ರೂಪಾಯಿ, ಒಳಗೆ ತಳದಲ್ಲಿ ಮೀನಿನ ಚಿತ್ರ. ಆಳವಾಗಿ, ದುಂಡಗೆ, ನೋಡಲು ಮುದ್ದಾಗಿತ್ತು. ಶಾನುಭೋಗರು ಮೇಲಿನ ಒಂದು ಪದರ ತಿಂದು ತಲೆಯೆತ್ತಿದರು. ಆಮೇಲೆ ಪಂಜ ಇಳಿಸಿ ಒಂದೊಂದೇ ತುಣುಕನ್ನು ಹೊರಕ್ಕೆಳೆದು ನೆಲದ ಮೇಲೆ ಹರವಿಕೊಂಡು ಊಟ ಮಾಡಿದರು. ತಳದ ಮೀನು ಅವರಿಗೆ ಒಂದು ದಿನವೂ ದರ್ಶನ ಕೊಡಲಿಲ್ಲ. ಕೊಕ್ಕರೆಗೆ ನರಿ ತಟ್ಟೆಯಲ್ಲಿ ಬಡಿಸಿದ, ನರಿಗೆ ಕೊಕ್ಕರೆ ಹೂಜಿಯಲ್ಲಿ ಬಡಿಸಿದ ಪಾಠವನ್ನು ನಾನು ಪ್ರೈಮರಿಯಲ್ಲಿ ಓದಿದ್ದೆ, ಅಂಕವನ್ನೂ ಪಡೆದಿದ್ದೆ. ಐವತ್ತು ವರ್ಷದ ಮೇಲೆ ನಾನೇ ಆ ಕೊಕ್ಕರೆಯಾದೆ.

ಇದರ ಹಿಂದೆ ಮೀಸೆಯ ವಿಚಾರವಿದೆ. ಬೆಕ್ಕಿನ ಮೀಸೆ ನಮ್ಮದರಂತೆ ತಿರುವುವುದಕ್ಕಿರುವ ಅಲಂಕಾರವಲ್ಲ. ಒಂದೊಂದು ಬದಿಗೂ ಸುಮಾರು ಹನ್ನೆರಡು, ಬೇರು ಚರ್ಮದ ಆಳದಲ್ಲಿ, ಬೇರಿನ ಸುತ್ತ ನರಗಳ ಜಾಲ. ಗಾಳಿ ಅಲುಗಿದರೂ ಸುದ್ದಿ ಮಿದುಳಿಗೆ ಮುಟ್ಟುತ್ತದೆ. ಇಕ್ಕಟ್ಟಿನ ಬಟ್ಟಲಿನ ಗೋಡೆಗೆ ಮೀಸೆ ಉಜ್ಜಿ ಉಜ್ಜಿ ಬೆಕ್ಕಿಗೆ ಬೇಸರ ಬರುತ್ತದೆ ಎಂದು ವ್ಯಾಪಾರಿಗಳು “ಮೀಸೆಸ್ನೇಹಿ” ತಟ್ಟೆಗಳನ್ನೇ ಮಾರುತ್ತಾರೆ. ಪರೀಕ್ಷೆ ಮಾಡಿ ನೋಡಿದವರಿಗೆ ಬೆಕ್ಕುಗಳು ತಿಂದ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಕಾಣಲಿಲ್ಲವಂತೆ. ಆ ಪರೀಕ್ಷೆಯಲ್ಲಿ ನಮ್ಮ ಶಾನುಭೋಗರು ಇರಲಿಲ್ಲ.

ಮೂರನೆಯ ಸಲ ನಾನೇ ದೇವರಾಜ ಮಾರುಕಟ್ಟೆಯ ಬಳಿಯ ಪಾತ್ರೆ ಅಂಗಡಿಗೆ ಹೋದೆ. ಅಗಲವಾದ, ಆಳವಿಲ್ಲದ, ಗೀರು ಬೀಳದ ತಟ್ಟೆ ಎಂದರೆ ಸ್ಟೀಲೇ ತಾನೆ? ಅಂಗಡಿಯವರು ಚೊಕ್ಕವಾದ ತಿಂಡಿ ತಟ್ಟೆಯೊಂದನ್ನು ತೂಗಿ, ಹೆಸರು ಕೊರೆಯುವ ಯಂತ್ರವನ್ನು ಗುರ್ರೆನ್ನಿಸಿ ಕೇಳಿದರು:

“ಏನಂತ ಹಾಕಲಿ?”

“ಶಾನುಭೋಗರು.”

“ಇನಿಷಿಯಲ್?”

“ಇಲ್ಲ. ತಂದೆ ಯಾರೆಂದು ಗೊತ್ತಿಲ್ಲ.”

ಅವರು ಯಂತ್ರ ನಿಲ್ಲಿಸಿ ನನ್ನನ್ನು ದಿಟ್ಟಿಸಿದರು. ವಿವರಿಸುವ ಧೈರ್ಯವಾಗಲಿಲ್ಲ. ಶಾನುಭೋಗರ ಹೆಸರು ಚುಕ್ಕಿ ಚುಕ್ಕಿಯಾಗಿ ತಟ್ಟೆಯಂಚಿನಲ್ಲಿ ಮೂಡಿತು.

ಮನೆಯಲ್ಲಿ ನಮ್ಮದು ಹಳೆಯ ಕಾಲದ ರೆಡ್ ಆಕ್ಸೈಡ್ ನೆಲ, ಕನ್ನಡಿಯಷ್ಟು ನುಣುಪು. ತಟ್ಟೆ ಹಗುರ. ಶಾನುಭೋಗರು ಒಮ್ಮೆ ನೆಕ್ಕಿದರೆ ತಟ್ಟೆ ನಾಲ್ಕು ಅಂಗುಲ ಮುಂದೆ. ಅವರು ಒಂದು ಹೆಜ್ಜೆ ಇಟ್ಟು ಮತ್ತೆ ನೆಕ್ಕಿದರೆ ಮತ್ತೆ ನಾಲ್ಕು ಅಂಗುಲ. ಹಿತ್ತಲ ಬಾಗಿಲಲ್ಲಿ ಶುರುವಾದ ಊಟ ಅಡುಗೆಮನೆ, ಪಡಸಾಲೆಗಳನ್ನು ಹಾದು, ದೇವರ ಕೋಣೆಯ ಹೊಸ್ತಿಲಿಗೆ ಠಣ್ಣೆಂದು ಬಡಿದು ನಿಂತಾಗ ಒಳಗೆ ನನ್ನವಳು ಮಂಗಳಾರತಿ ಎತ್ತಿದ್ದಳು. ಶಾನುಭೋಗರು ಅಂಡು ಸುಟ್ಟ ಬೆಕ್ಕಿನಂತೆ ಓಡಿದರು. ಅವರ ಮಟ್ಟಿಗೆ ಅದು ಉಪಮೆಯೂ ಅಲ್ಲ. ಮೀನಿನ ರಸ ಹೊಸ್ತಿಲ ರಂಗೋಲಿಯ ಮೇಲೆ ಉಳಿಯಿತು. ಆ ದಿನ ನನಗೂ ಊಟವಾಗಲಿಲ್ಲ.

ಹಿತ್ತಾಳೆ ಭಾರವಾಗಿರುತ್ತದೆ, ಜಾರುವುದಿಲ್ಲ ಎಂದು ಬಾಯಿಬಿಟ್ಟೆ. “ಅಟ್ಟದ ಮೇಲೆ ಹರಿವಾಣ ಇದೆ, ಇಳಿಸಿಕೊಡಲಾ?” ಎಂದು ಅವಳು ಕೇಳಿದ ರೀತಿ ಹೌದೆನ್ನುವಂತಿರಲಿಲ್ಲ. ಕಲಾಯಿಯಿಲ್ಲದ ಹಿತ್ತಾಳೆಯಲ್ಲಿ ಊಟ ಕಿಲುಬು ಹಿಡಿಯುತ್ತದೆ, ಕಲಾಯಿ ಹಾಕುವವರು ನಮ್ಮ ಬೀದಿಗೆ ಬಂದು ವರ್ಷಗಳೇ ಆದವು ಎಂದು ನಾನೇ ಮಾತು ಹಿಂತೆಗೆದುಕೊಂಡೆ.

ಅಡಿಕೆ ಹಾಳೆಯ ತಟ್ಟೆ ಮಡಿಗೂ ಸರಿ, ತೊಳೆಯುವ ರಗಳೆಯೂ ಇಲ್ಲ ಎಂದು ಒಂದು ಕಟ್ಟು ತಂದೆ. ಹಾಳೆಯ ಗೆರೆಗಳಲ್ಲಿ ರಸ ಇಳಿದು ಕೂತಿತು. ಬೆಕ್ಕು ನಾಲಿಗೆಯನ್ನು ಸೌಟು ಮಾಡಿ ಮೊಗೆಯುವ ಪ್ರಾಣಿಯಲ್ಲ. ರೋಮನ್ ಸ್ಟಾಕರ್ ಎಂಬ ವಿಜ್ಞಾನಿ ಕುಟ್ಟಾ ಕುಟ್ಟಾ ಎಂಬ ತಮ್ಮ ಮನೆಯ ಬೆಕ್ಕು ಕುಡಿಯುವುದನ್ನು ಬೆಳಗಿನ ತಿಂಡಿಯ ಹೊತ್ತಿನಲ್ಲಿ ನೋಡುತ್ತ ಕೂತವರು, ಕೊನೆಗೆ ಅತಿವೇಗದ ಕ್ಯಾಮರಾ ಹಿಡಿದು ಜೊತೆಗಾರರೊಂದಿಗೆ 2010ರಲ್ಲಿ ಅದರ ಗುಟ್ಟನ್ನು ಪ್ರಕಟಿಸಿದರು. ನಾಲಿಗೆಯ ತುದಿ ದ್ರವವನ್ನು ಸುಮ್ಮನೆ ಸೋಕಿ ಥಟ್ಟನೆ ಮೇಲೇಳುತ್ತದೆ. ಅದರ ಬೆನ್ನಿಗೆ ದ್ರವದ ಒಂದು ಕಂಬ ಎದ್ದುಬರುತ್ತದೆ. ಅದು ಬೀಳುವ ಮುಂಚೆ ಬಾಯಿ ಮುಚ್ಚಿಕೊಳ್ಳುತ್ತದೆ. ಇದು ಸೆಕೆಂಡಿಗೆ ಸುಮಾರು ನಾಲ್ಕು ಸಲ. ಇಷ್ಟು ನಾಜೂಕಿನ ಕೆಲಸಕ್ಕೆ ಸಮನಾದ ತಳ ಬೇಕು. ಗೆರೆ, ಸಂದು, ಮೂಲೆಗಳಿದ್ದರೆ ರಸವೆಲ್ಲ ಅಲ್ಲೇ ಬಾಕಿ. ಆದರೆ ಶಾನುಭೋಗರು ಬಾಕಿ ಬಿಡುವವರಲ್ಲ. ಮುಳ್ಳುಮುಳ್ಳು ನಾಲಿಗೆಯನ್ನು ಗರಗಸ ಮಾಡಿ ಉಜ್ಜಿ, ಹಾಳೆಯನ್ನೂ ಎಳೆ ಎಳೆಯಾಗಿ ಸೀಳಿ, ಉಳಿದ ತುಂಡಿನ ಮೇಲೆ ಹತ್ತಿ ಕೂತು ಮೈ ನೆಕ್ಕಿಕೊಂಡರು. ಬಾಳೆಯೆಲೆಯನ್ನೂ ಹಾಕಿ ನೋಡಿದೆವು. ಎಲೆಯ ತುದಿ ಎಡಕ್ಕಿರಬೇಕೆಂಬ ನಿಯಮವನ್ನು ಅವರು ಮೊದಲ ದಿನವೇ ಮುರಿದರು.

ಸಿಕ್ಕಿದ್ದು ಕೊನೆಗೆ ಕಪಾಟಿನ ಹಿಂದೆ.

ನಮ್ಮಪ್ಪ ಕಾಫಿಯನ್ನು ಕಪ್ಪಿನಲ್ಲಿ ಕುಡಿದವರಲ್ಲ. ಸಾಸರಿಗೆ ಬಗ್ಗಿಸಿಕೊಂಡು, ಎರಡು ಸಲ ಊದಿ, ಮೂರನೆಯ ಮನೆಗೆ ಕೇಳುವಂತೆ ಸೊರ್ರೆಂದು ಎಳೆಯುತ್ತಿದ್ದರು. ಅವರಿಗಾಗಿ ತಂದ ಆರು ಕಪ್ಪು, ಆರು ಸಾಸರುಗಳಲ್ಲಿ ಕಪ್ಪುಗಳು ಒಂದೊಂದಾಗಿ ಹಿಡಿ ಮುರಿದು, ಅಂಚು ಸೀಳಿ ಹೋದವು. ಸಾಸರುಗಳು ಆರೂ ಉಳಿದವು. ಈಗ ಎಲ್ಲರೂ ಹಿಡಿ ದಪ್ಪದ ಮಗ್ಗಿನಲ್ಲಿ ಕುಡಿಯುತ್ತಾರೆ. ಮಗ್ಗಿಗೆ ಸಾಸರು ಬೇಡ. ಎಸೆಯಲು ಮನಸ್ಸಿಲ್ಲ, ಬಳಸಲು ದಾರಿಯಿಲ್ಲ. ನಿವೃತ್ತನಾದ ನನ್ನ ಸ್ಥಿತಿಯೇ ಹೆಚ್ಚುಕಡಿಮೆ.

ಒಂದನ್ನು ಇಳಿಸಿ ಮೀನು ಹಾಕಿಟ್ಟೆ. ಒಂದು ಗೇಣಿಗೆ ಸ್ವಲ್ಪ ಕಡಿಮೆ ಅಗಲ, ಹೆಬ್ಬೆರಳ ಉಗುರಿನಷ್ಟು ಆಳ. ಮೀಸೆ ಎರಡೂ ಕಡೆ ಆರಾಮಾಗಿ ಗಾಳಿಯಲ್ಲಿತ್ತು. ಪಿಂಗಾಣಿಯ ತೂಕಕ್ಕೆ, ಅಡಿಯ ಒರಟು ಬಳೆಗೆ ನೆಲ ಹಿಡಿದುಕೊಂಡಿತು. ಕಪ್ಪು ಕೂರಲೆಂದು ನಡುವೆ ಇರುವ ತಗ್ಗಿನಲ್ಲಿ ರಸ ನಿಂತಿತು. ಮೇಲಿನ ಮೆರುಗು ನುಣ್ಣಗಿರುವುದರಿಂದ ಬಿಸಿನೀರು ಹೊಯ್ದರೆ ವಾಸನೆ ಹೋಗುತ್ತದೆ. ಬಿರುಕು ಬಿಟ್ಟರೆ ಮಾತ್ರ ಎಸೆಯಬೇಕು. ಫ್ರಿಜ್ಜಿನಿಂದ ತೆಗೆದದ್ದನ್ನು ಒಂದು ಚಮಚ ಬಿಸಿನೀರು ಬೆರೆಸಿ ಮೈಬಿಸಿಗೆ ತಂದರೆ ಘಮ ಏಳುತ್ತದೆ, ಆಗಷ್ಟೇ ಹಿಡಿದ ಇಲಿಯ ಬಿಸಿಯೆಂದು ಶಾನುಭೋಗರು ನಂಬುತ್ತಾರೆ. ಇರುವೆ ಹತ್ತದಿರಲೆಂದು ಸಾಸರನ್ನು ನೀರು ತುಂಬಿದ ಆ ಸ್ಟೀಲ್ ತಟ್ಟೆಯ ನಡುವೆ ಇಟ್ಟೆ, ಕಾವೇರಿಯ ನಡುವಿನ ಶ್ರೀರಂಗಪಟ್ಟಣದಂತೆ. ಶಾನುಭೋಗರು ಮೀನು ಮುಗಿಸಿ ಕಂದಕದ ನೀರನ್ನೂ ಕುಡಿದರು. ವೈದ್ಯರ ನೀರಿನ ಲೆಕ್ಕವೂ ತುಂಬಿತು, ಹೆಸರು ಕೊರೆಸಿದ ದುಡ್ಡೂ ವಸೂಲಾಯಿತು.

ಈ ವಿಜಯವನ್ನು ನಾನು ಎಲ್ಲರಿಗೂ ವರ್ಣಿಸುತ್ತಿದ್ದೆ. ಒಂದು ಬೆಳಿಗ್ಗೆ ಕೆಲಸಕ್ಕೆ ಬರುವಾಕೆಗೂ ಶುರುಮಾಡಿದೆ: ಪ್ಲಾಸ್ಟಿಕ್ ಏಕೆ ಆಗದು, ಆಳ ಏಕೆ ಕೂಡದು, ಮೀಸೆಯ ನರ, ಪಿಂಗಾಣಿಯ ಮೆರುಗು. ಆಕೆ ಸಾಸರು ತೊಳೆಯುತ್ತಲೇ ಎಲ್ಲವನ್ನೂ ಕೇಳಿದಳು. ಕೈ ಒರೆಸಿಕೊಂಡು ಕಿಟಕಿಯ ಲೋಟವನ್ನು ಮೇಲ್ಮುಖ ಮಾಡಿದಳು. ನನ್ನವಳು ಎತ್ತರದಿಂದ ಕಾಫಿ ಹೊಯ್ದಳು.

“ಬೆಕ್ಕಿಗೆ ಕಪಾಟಿನ ಸಾಸರು, ನನಗೆ ಕಿಟಕಿ ಲೋಟ,” ಎಂದು ಆಕೆ ನಕ್ಕಳು. “ಇರಲಿ ಬಿಡಿ ಸಾರ್, ಅದಕ್ಕೆ ಮೀಸೆ ಐತೆ.”

ಹದಿನಾಲ್ಕು ವರ್ಷದಿಂದ ಬರುತ್ತಿರುವಾಕೆ. ನಾನು ಪೇಪರು ಎತ್ತಿಕೊಂಡೆ. ಪೇಪರಿನಲ್ಲಿ ಏನಿತ್ತೆಂದು ನೆನಪಿಲ್ಲ. ನನ್ನವಳು ಕಾಫಿ ಪಾತ್ರೆ ಹಿಡಿದುಕೊಂಡೇ ಸ್ವಲ್ಪ ಹೊತ್ತು ನಿಂತಿದ್ದಳು. ಎಷ್ಟೋ ವಾರ ಒಂದು ಬೆಕ್ಕಿನ ಮುಖದ ಅಳತೆ ತೆಗೆದ ಮನೆಯಲ್ಲಿ, ಆ ಲೋಟ ಯಾರಿಗೆ ಹಿಡಿಸುತ್ತದೆ ಎಂದು ಯಾರೂ ಕೇಳಿರಲಿಲ್ಲ.

ಮರುದಿನ ಕಾಫಿ ಬಂದದ್ದು ಸ್ಟ್ಯಾಂಡಿನ ಲೋಟಗಳಲ್ಲಿ, ನಾಲ್ವರಿಗೂ ಒಂದೇ ಬಗೆಯವು. ತೊಳೆದಮೇಲೆ ಯಾವುದು ಯಾರದೆಂದು ಈಗ ಗುರುತು ಸಿಗುವುದಿಲ್ಲ. ಕಿಟಕಿಯ ಲೋಟವನ್ನು ನಾನು ಶಾನುಭೋಗರ ನೀರಿಗೆಂದು ಇಟ್ಟು ನೋಡಿದೆ. ಅವರು ಮೂತಿ ತೂರಿಸಲೂ ಒಪ್ಪಲಿಲ್ಲ. ಅದು ಇನ್ನೂ ಕಿಟಕಿಯಲ್ಲೇ ಇದೆ. ಮೀನಿನ ಚಮಚವನ್ನು ಅದರಲ್ಲಿ ನಿಲ್ಲಿಸಿದ್ದೇವೆ.