ಕಚೇರಿ ಧ್ವನ್ಯಾಲೋಕ ಅಥವಾ ಸಹೋದ್ಯೋಗಿ ಮೀಮಾಂಸೆ

ವಿಘ್ನನಿವಾರಣೆಗಾಗಿ ಮೊದಲು ಎಚ್‌ಆರ್ ವಿಭಾಗಕ್ಕೆ ವಂದಿಸಿ, ಬಳಿಕ ಕಾಫಿ ಯಂತ್ರಕ್ಕೆ ಒಂದು ಪ್ರದಕ್ಷಿಣೆ ಹಾಕಿ ಈ ಗ್ರಂಥವನ್ನು ಆರಂಭಿಸಲಾಗಿದೆ. ಶಾಸ್ತ್ರವೆಂದ ಮೇಲೆ ಅನುಬಂಧ ಚತುಷ್ಟಯ ಹೇಳಲೇಬೇಕು. ವಿಷಯ: ಸಹೋದ್ಯೋಗಿಯ ಮಾತು. ಪ್ರಯೋಜನ: ಒಂದೇ ಕೆಲಸವನ್ನು ಇಬ್ಬರು ಮಾಡದಿರುವುದು, ಇನ್ನೊಂದನ್ನು ಯಾರೂ ಮಾಡದೆ ಬಿಡದಿರುವುದು. ಅಧಿಕಾರಿ: ‘ಆಯ್ತು ಸಾರ್’ ಎಂಬ ಉತ್ತರವನ್ನು ನಂಬಿ ಒಮ್ಮೆಯಾದರೂ ಕ್ಲೈಂಟ್ ಮುಂದೆ ಬೆವತವರು. ಸಂಬಂಧ: ವಿಷಯಕ್ಕೂ ಪ್ರಯೋಜನಕ್ಕೂ ಇರಬೇಕಾದದ್ದು, ಮೀಟಿಂಗುಗಳಲ್ಲಿ ಕಾಣಸಿಗುವುದಿಲ್ಲ.

ಪ್ರಥಮ ಪ್ರಕರಣ: ಪೂರ್ವಪಕ್ಷ

ಪರಮತವನ್ನು ಗೌರವದಿಂದ ಮಂಡಿಸಿ ಆಮೇಲೆ ಖಂಡಿಸುವುದು ಸಂಪ್ರದಾಯ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮೌಲ್ಟನ್ ಮಾರ್ಸ್‌ಟನ್ 1928ರಲ್ಲಿ ಮನುಷ್ಯರ ವರ್ತನೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ: ಮೇಲುಗೈ ಸಾಧಿಸುವುದು, ಒಲಿಸಿಕೊಳ್ಳುವುದು, ಒಪ್ಪಿಸಿಕೊಳ್ಳುವುದು, ಹೊಂದಿಕೊಳ್ಳುವುದು. ಇದನ್ನೇ ಹಿಡಿದು ಮುಂದಿನವರು ‘ಡಿಸ್ಕ್’ ಎಂಬ ಪರೀಕ್ಷೆ ಕಟ್ಟಿದರು. ಇಂದು ಕಂಪನಿಗಳು ಹೋಟೆಲಿನ ಹಾಲ್ ಹಿಡಿದು, ನೌಕರರನ್ನು ಡಿ, ಐ, ಎಸ್, ಸಿ ಎಂದು ನಾಲ್ಕು ಟೇಬಲ್ಲಿಗೆ ಹಂಚಿ, ಮಧ್ಯಾಹ್ನ ಬಫೆ ಊಟ ಹಾಕಿಸಿ ಮನೆಗೆ ಕಳಿಸುತ್ತವೆ. ಇದೇ ಮಾರ್ಸ್‌ಟನ್ ರಕ್ತದೊತ್ತಡ ಅಳೆದು ಸುಳ್ಳು ಪತ್ತೆಹಚ್ಚುವ ವಿಧಾನವನ್ನೂ ರೂಪಿಸಿದವನು. 1941ರಲ್ಲಿ ‘ವಂಡರ್ ವುಮನ್’ ಎಂಬ ಕಾಮಿಕ್ಸ್ ನಾಯಕಿಯನ್ನು ಸೃಷ್ಟಿಸಿದವನೂ ಅವನೇ. ಆಕೆಯ ಹಗ್ಗಕ್ಕೆ ಸಿಕ್ಕಿಬಿದ್ದವರು ನಿಜ ಬಾಯಿಬಿಡಲೇಬೇಕು. ಮನುಷ್ಯರನ್ನು ನಾಲ್ಕು ಗೂಡಿಗೆ ತುಂಬಿದ ಮೇಲೂ ನಿಜ ಹೊರಡಿಸಲು ಹಗ್ಗವೇ ಬೇಕಾಯಿತೆಂದರೆ, ಸಿದ್ಧಾಂತದ ಮಿತಿಯನ್ನು ಮೂಲಪುರುಷನೇ ಒಪ್ಪಿಕೊಂಡಂತಾಯಿತು.

ದಾರ್ಶನಿಕ ಪಾಲ್ ಗ್ರೈಸ್ 1975ರಲ್ಲಿ ಅಚ್ಚಾದ ಪ್ರಬಂಧದಲ್ಲಿ ಮಾತಿಗೆ ನಾಲ್ಕು ಕಟ್ಟಳೆ ಹಾಕಿದ: ಬೇಕಾದಷ್ಟೇ ಹೇಳು, ನಿಜ ಹೇಳು, ಸಂಬಂಧಪಟ್ಟದ್ದು ಹೇಳು, ಸ್ಪಷ್ಟವಾಗಿ ಹೇಳು. ಯಾರಾದರೂ ಬೇಕೆಂದೇ ಒಂದನ್ನು ಮುರಿದರೆ ಕೇಳುವವನು ಅಲ್ಲೊಂದು ಒಳಾರ್ಥ ಹುಡುಕಿಕೊಳ್ಳುತ್ತಾನೆ ಎಂದ. ನಾಲ್ಕನ್ನೂ ಒಟ್ಟಿಗೆ ಮುರಿಯುವ ಸೋಮವಾರದ ರಿವ್ಯೂ ಮೀಟಿಂಗನ್ನು ಅವನು ಕಂಡಿರಲಿಕ್ಕಿಲ್ಲ. ಮಾನವಶಾಸ್ತ್ರಜ್ಞ ಎಡ್ವರ್ಡ್ ಟಿ. ಹಾಲ್ 1976ರಲ್ಲಿ, ಕೆಲವು ಸಮಾಜಗಳಲ್ಲಿ ಅರ್ಥ ಮಾತಿನಲ್ಲೇ ಇರುತ್ತದೆ, ಕೆಲವದರಲ್ಲಿ ಸಂದರ್ಭದಲ್ಲಿ ಅಡಗಿರುತ್ತದೆ ಎಂದು ಬರೆದ. ಇಷ್ಟನ್ನು ನಮ್ಮ ಯಾವ ಸೊಸೆಯೂ ಮದುವೆಯಾದ ತಿಂಗಳೊಳಗೆ ಹೇಳಬಲ್ಲಳು.

ದ್ವಿತೀಯ ಪ್ರಕರಣ: ಸಿದ್ಧಾಂತ

ಇವೆಲ್ಲಕ್ಕೂ ಸಾವಿರದ ಚಿಲ್ಲರೆ ವರ್ಷ ಮೊದಲೇ, 9ನೇ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನ ‘ಧ್ವನ್ಯಾಲೋಕ’ ಬರೆದ. ಮಾತಿಗೆ ನೇರ ಅರ್ಥವೊಂದಿದೆ, ಅದರಾಚೆಗೆ ಹೊಮ್ಮುವ ಅರ್ಥ ಇನ್ನೊಂದಿದೆ, ಕಾವ್ಯದ ಜೀವ ಇರುವುದು ಎರಡನೆಯದರಲ್ಲಿ ಎಂದ. ಅವನು ಕೊಡುವ ಉದಾಹರಣೆಯೊಂದು ಪ್ರಸಿದ್ಧ. ಹೆಣ್ಣೊಬ್ಬಳು ಗೋದಾವರಿ ತೀರದ ಪೊದೆಯಲ್ಲಿ ನಲ್ಲನನ್ನು ಕೂಡಬೇಕು. ಅಲ್ಲಿಗೆ ಹೂ ಕೊಯ್ಯಲು ಬರುವ ಧಾರ್ಮಿಕನೊಬ್ಬ ಅಡ್ಡಿ. ಆಕೆ ಅವನಿಗೆ, ಇನ್ನು ನಿಶ್ಚಿಂತೆಯಿಂದ ಓಡಾಡು, ನಿನ್ನನ್ನು ಕಾಡುತ್ತಿದ್ದ ನಾಯಿಯನ್ನು ಆ ಪೊದೆಯ ಸಿಂಹ ಕೊಂದುಹಾಕಿತು ಎನ್ನುತ್ತಾಳೆ. ಮಾತು ಅಪ್ಪಣೆ, ಅರ್ಥ ನಿಷೇಧ.

ಇದಕ್ಕೆ ಆಧುನಿಕ ಭಾಷ್ಯ ಹೀಗಿದೆ. ಶುಕ್ರವಾರ ರಜೆ ಕೇಳಲು ಬಂದವನಿಗೆ ಮ್ಯಾನೇಜರು, “ಧಾರಾಳವಾಗಿ ತಗೊಳ್ಳಿ. ಅವತ್ತು ಎಂಡಿ ಬಂದು ನಿಮ್ಮ ಪ್ರಾಜೆಕ್ಟನ್ನೇ ನೋಡ್ತಾರಂತೆ, ನಾನು ಏನೋ ಹೇಳಿ ಸಂಭಾಳಿಸ್ತೀನಿ” ಎನ್ನುತ್ತಾರೆ. ನಾಯಿ ಸತ್ತಿದೆ, ಸಿಂಹ ಶುಕ್ರವಾರ ಬರುತ್ತದೆ. ಧ್ವನಿ ಬಲ್ಲವನು ಶುಕ್ರವಾರ ಎಂಟೂವರೆಗೇ ಕಚೇರಿಯಲ್ಲಿರುತ್ತಾನೆ. ಅರಿಯದವನು ಸಂಜೆಯೊಳಗೆ ಬಸ್ಸು ಹತ್ತಿ ಊರು ಸೇರುತ್ತಾನೆ. ಏಪ್ರಿಲ್ ಇನ್‌ಕ್ರಿಮೆಂಟ್ ಹೊತ್ತಿಗೆ ಅವನಿಗೂ ಧ್ವನಿ ಅರ್ಥವಾಗುತ್ತದೆ.

ಧ್ವನಿಯೆಂಬುದೇ ಇಲ್ಲ, ಅದು ಬರೀ ಅನುಮಾನ ಪ್ರಮಾಣ, ಅಂದರೆ ಗುರುತು ಹಿಡಿದು ತರ್ಕಿಸುವುದು ಎಂದು 11ನೇ ಶತಮಾನದ ಮಹಿಮಭಟ್ಟ ‘ವ್ಯಕ್ತಿವಿವೇಕ’ದಲ್ಲಿ ವಾದಿಸಿದ. ಅವನ ಪಂಥ ಅಕೌಂಟ್ಸ್ ವಿಭಾಗದಲ್ಲಿ ಇಂದಿಗೂ ಜೀವಂತ. ಅವರ ವ್ಯಾಪ್ತಿ ವಾಕ್ಯ: ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ, ಎಲ್ಲೆಲ್ಲಿ ‘ಆಲ್ಮೋಸ್ಟ್’ ಎಂಬ ಪದವೋ ಅಲ್ಲಲ್ಲಿ ಕೆಲಸ ಇನ್ನೂ ಶುರುವಾಗಿಲ್ಲ.

ಕನ್ನಡಿಗರೂ ಹಿಂದೆ ಬಿದ್ದವರಲ್ಲ. ಅದೇ 9ನೇ ಶತಮಾನದ ‘ಕವಿರಾಜಮಾರ್ಗ’ದಲ್ಲಿ ಧ್ವನಿ ಒಂದು ಅಲಂಕಾರವಾಗಿ ಬಂದಿದೆ. ಅಲ್ಲದೆ ಆ ಗ್ರಂಥ ದೊರೆ ನೃಪತುಂಗನ ಅನುಮತಿ ಪಡೆದದ್ದೆಂದು ತಾನೇ ಹೇಳಿಕೊಳ್ಳುತ್ತದೆ. ಬರೆದವನು ದೊರೆಯೋ, ಆಸ್ಥಾನದ ಶ್ರೀವಿಜಯನೋ ಎಂದು ವಿದ್ವಾಂಸರು ಬಹುಕಾಲ ಕಾದಾಡಿದ್ದಾರೆ. ಬಾಸ್‌ಗೆ ಪಿಪಿಟಿ ಮಾಡಿಕೊಟ್ಟು ಅಭ್ಯಾಸವಿರುವವರಿಗೆ ಈ ವಿಷಯದಲ್ಲಿ ಸಂದೇಹ ಹುಟ್ಟುವುದಿಲ್ಲ.

ತೃತೀಯ ಪ್ರಕರಣ: ಪಾಠಾಂತರಗಳು

‘ವರದಿ ರೆಡಿ ಆಯ್ತಾ?’ ಎಂಬ ಒಂದೇ ಪ್ರಶ್ನೆಗೆ ಬೆಂಗಳೂರಿನ ಒಂದೇ ಕಚೇರಿಯಲ್ಲಿ ನಾಲ್ಕು ಪಾಠಗಳು ಲಭ್ಯ. ವರದಿ ನಾಲ್ವರಲ್ಲೂ ಮುಗಿದಿಲ್ಲ ಎಂಬುದನ್ನು ಸಂಪಾದಕನು ಮರೆಯಬಾರದು.

ಮೈಸೂರು ಪಾಠ: “ಅಯ್ಯೋ, ಆಗೋಗುತ್ತೆ ಬಿಡಿ ಸಾರ್, ಅದೇನು ಮಹಾ! ತಿಂಡಿ ಆಯ್ತಾ ತಮ್ಮದು?”

ಹುಬ್ಬಳ್ಳಿ ಪಾಠ: “ಇಲ್ರಿ ಸರ್, ನಾ ಇನ್ನ ಮುಟ್ಟೇ ಇಲ್ಲ. ನೀವು ಕೊಟ್ಟ ಲೆಕ್ಕಾನ ತಪ್ಪೈತಿ. ಮೊದ್ಲ ಅದನ್ನ ಸರಿ ಮಾಡಿ ಕೊಡ್ರಿ.”

ಮಂಗಳೂರು ಪಾಠ: “ಆಗ್ತದೆ ಸರ್, ಆಗದೆ ಎಲ್ಲಿಗೆ ಹೋಗ್ತದೆ? ಒಂದು ಸಣ್ಣ ವಿಷಯ ಮಾತ್ರ ಉಂಟು.”

ಬೆಂಗಳೂರು ಪಾಠ: “ಆಲ್ಮೋಸ್ಟ್ ಡನ್ ಸರ್, ಫೈನಲ್ ಟಚ್ ಕೊಡ್ತಾ ಇದೀನಿ.”

ಸತ್ಕಾರದಲ್ಲಿ ಮೊದಲನೆಯದು, ಸತ್ಯದಲ್ಲಿ ಎರಡನೆಯದು, ಸಸ್ಪೆನ್ಸಿನಲ್ಲಿ ಮೂರನೆಯದು, ಆತ್ಮವಿಶ್ವಾಸದಲ್ಲಿ ನಾಲ್ಕನೆಯದು ಶ್ರೇಷ್ಠ. ಹುಟ್ಟೂರು ಇಲ್ಲಿ ಹೆಸರಿಗೆ ಮಾತ್ರ. ಮೈಸೂರಿನಲ್ಲಿ ಹುಟ್ಟಿ ಹುಬ್ಬಳ್ಳಿ ಪಾಠ ಒಪ್ಪಿಸುವವರೂ, ಹುಬ್ಬಳ್ಳಿಯಿಂದ ಬಂದು ಮೂರನೇ ಪ್ರಮೋಷನ್ನಿಗೆ ಪೂರಾ ಮೈಸೂರಾದವರೂ ಇದ್ದಾರೆ.

ಚತುರ್ಥ ಪ್ರಕರಣ: ದೋಷ ವಿಚಾರ

ಇರುವ ಧ್ವನಿಯನ್ನು ಕೇಳಿಸಿಕೊಳ್ಳದಿರುವುದು ಒಂದು ದೋಷವಾದರೆ, ಇಲ್ಲದ ಧ್ವನಿಯನ್ನು ಕೇಳಿಸಿಕೊಳ್ಳುವುದು ಮಹಾದೋಷ. ಇದಕ್ಕೆ ಬಲಿಯಾಗುವವನು ಹುಬ್ಬಳ್ಳಿ ಪಾಠದವನು. “ನಾ ಊಟಕ್ಕ ಹೊಂಟೆ” ಎಂದು ಅವನು ಎದ್ದರೆ, ಬಾಸ್ ಮುಂದೆಯೇ ಹಾಗೆಂದನಲ್ಲ, ಬೇರೆ ಕಡೆ ಆಫರ್ ಸಿಕ್ಕಿರಬೇಕು ಎಂದು ನಾಲ್ಕು ಡೆಸ್ಕು ಗುಸುಗುಸು ಎನ್ನುತ್ತವೆ. ಅವನು ರೊಟ್ಟಿ, ಎಣ್ಣೆಗಾಯಿ ಪಲ್ಯ ತಿಂದು ವಾಪಸು ಬರುವಷ್ಟರಲ್ಲಿ ಅವನ ಕುರ್ಚಿಗೆ ಇಬ್ಬರು ಉಮೇದುವಾರರು ಹುಟ್ಟಿಕೊಂಡಿರುತ್ತಾರೆ.

ಲಿಖಿತ ಧ್ವನಿಯಲ್ಲಿ ಅಪಾಯ ಇನ್ನೂ ಹೆಚ್ಚು. ಸರ್ಕಾರಿ ಕಡತದ ಅಂಚಿನಲ್ಲಿ ‘ಚರ್ಚಿಸಿ’ ಎಂದು ಬಿದ್ದರೆ, ಇದನ್ನು ಬರವಣಿಗೆಯಲ್ಲಿ ತಿರಸ್ಕರಿಸಲು ನನಗೆ ಇಷ್ಟವಿಲ್ಲ ಎಂದರ್ಥ ಮಾಡಿಕೊಂಡವರು ಉಳಿದರು. ಈಮೇಲಿನಲ್ಲಿ ‘ನನ್ನ ಹಿಂದಿನ ಮೇಲ್ ಗಮನಿಸಿ’ ಎಂಬುದು ರೌದ್ರರಸ. ಸಿಸಿಯಲ್ಲಿ ಮೇಲಧಿಕಾರಿಯ ಹೆಸರು ಕಂಡರೆ ಭಯಾನಕ. ವಾಟ್ಸ್ಆ್ಯಪ್ ಗುಂಪಿನ ಹೆಬ್ಬೆರಳ ಚಿತ್ರಕ್ಕೆ ಒಪ್ಪಿದೆ, ಓದಿದೆ, ಓದಲಿಲ್ಲ, ಸಾಕು ನಿಲ್ಲಿಸಿ ಎಂಬ ನಾಲ್ಕು ಅರ್ಥಗಳಿದ್ದು, ಯಾವುದೆಂದು ನಿರ್ಣಯಿಸಲು ಹಾಕಿದವರ ಸಂಬಳದ ಶ್ರೇಣಿಯೊಂದೇ ಪ್ರಮಾಣ.

ಪಂಚಮ ಪ್ರಕರಣ: ಸಹೃದಯ ಲಕ್ಷಣ

ಆಲಂಕಾರಿಕರು ಧ್ವನಿಯ ಭಾರವನ್ನು ಹೊರಿಸಿದ್ದು ಆಡುವವನ ಮೇಲಲ್ಲ, ಕೇಳುವವನ ಮೇಲೆ. ಅವನಿಗೆ ಸಹೃದಯನೆಂದು ಹೆಸರು. ಸಹೃದಯನಿಲ್ಲದೆ ಧ್ವನಿಯಿಲ್ಲ. ಕಂಪನಿಗಳದು ಉಲ್ಟಾ ಮತ: ಮಾತಾಡುವುದನ್ನು ಕಲಿಸಲು ದಿನಗೂಲಿಯಲ್ಲಿ ಅಲ್ಲ, ಗಂಟೆಗೂಲಿಯಲ್ಲಿ ತರಬೇತುದಾರರು ಬರುತ್ತಾರೆ; ಕೇಳಿಸಿಕೊಳ್ಳುವುದಕ್ಕೆ ಬಜೆಟ್ಟಿನಲ್ಲಿ ಜಾಗವೇ ಇಲ್ಲ. ತೀ.ನಂ.ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ (1953) ಅರೆದು ಕುಡಿದ ಕನ್ನಡ ಎಂ.ಎ.ಗಳು ಊರತುಂಬ ಕೆಲಸ ಹುಡುಕುತ್ತಿರುವಾಗ ಎಚ್‌ಆರ್ ಹುದ್ದೆಗಳು ಎಂಬಿಎಗಳ ಪಾಲಾಗುತ್ತಿರುವುದು ಈ ಕಾಲದ ದೊಡ್ಡ ಅನೌಚಿತ್ಯ.

ಸಹೃದಯನಿಗೆ ಪ್ರಯೋಗವಿಧಿ: ಮೈಸೂರು ಪಾಠದವರಿಗೆ ತಿಂಡಿ ಆಯ್ತೆಂದು ಮೊದಲು ಉತ್ತರಿಸಿ, ನಂತರ ಎಷ್ಟನೇ ಪುಟದಲ್ಲಿದೆ ಎಂದು ಕೇಳತಕ್ಕದ್ದು. ಹುಬ್ಬಳ್ಳಿ ಪಾಠದವರಿಗೆ ಸಿಟ್ಟು ಮಾಡಿಕೊಳ್ಳದೆ ಲೆಕ್ಕ ತಿದ್ದಿ ಕೊಡತಕ್ಕದ್ದು. ಲೆಕ್ಕ ತಪ್ಪಿರುವುದು ನಿಜ. ಮಂಗಳೂರು ಪಾಠದವರ ‘ಸಣ್ಣ ವಿಷಯ’ವನ್ನು ಅಂದೇ, ಕುರ್ಚಿ ಎಳೆದುಕೊಂಡು ಕೂತು, ಪೂರ್ತಿ ಕೇಳತಕ್ಕದ್ದು, ಅದು ಸಣ್ಣದಲ್ಲ. ಬೆಂಗಳೂರು ಪಾಠದವರಿಗೆ “ಸ್ಕ್ರೀನ್ ಶೇರ್ ಮಾಡಿ” ಎನ್ನತಕ್ಕದ್ದು. ಇದಕ್ಕೆ ಮಾರ್ಸ್‌ಟನ್‌ನ ಹಗ್ಗಕ್ಕಿಂತ ಶಕ್ತಿ ಹೆಚ್ಚು.

ಫಲಶ್ರುತಿ

ಇದನ್ನು ಪ್ರತಿ ಸೋಮವಾರ ಸ್ನಾನ ಮಾಡಿ ಪಠಿಸುವವರಿಗೆ ಮೀಟಿಂಗುಗಳು ಮೇಲಿನಿಂದ ಮೇಲೆ ಮುಂದೂಡಲ್ಪಡುತ್ತವೆ. ಮಂಗಳವಾರ ಪಠಿಸುವವರಿಗೆ ಕೇಳಿದ ಫೈಲು ಕೇಳಿದ ದಿನವೇ ಬರುತ್ತದೆ. ಮಾರ್ಚ್ ತಿಂಗಳಿಡೀ ಪಠಿಸಿದರೆ ಅಪ್ರೈಸಲ್ ಭಯ ನಿವಾರಣೆಯಾಗುತ್ತದೆ. ಇನ್‌ಕ್ರಿಮೆಂಟಿಗೆ ಮಾತ್ರ ಗ್ರಂಥಕರ್ತ ಜವಾಬ್ದಾರನಲ್ಲ. ಇನ್ನು, ಕೊನೆಯವರೆಗೆ ಓದಿ, “ತುಂಬಾ ಚೆನ್ನಾಗಿದೆ ಸಾರ್, ಬಿಡುವಾದಾಗ ಕೂತು ಮಾತಾಡೋಣ” ಎನ್ನುವ ಸಹೃದಯರಲ್ಲಿ ಒಂದು ವಿಜ್ಞಾಪನೆ: ಯಾವ ಪ್ರಕರಣದಲ್ಲಿ ನಿದ್ದೆ ಹತ್ತಿತೆಂದು ಹುಬ್ಬಳ್ಳಿ ಪಾಠದಲ್ಲೇ ಹೇಳಿಬಿಡಿ, ಮುಂದಿನ ಆವೃತ್ತಿಯಲ್ಲಿ ಅದನ್ನು ತೆಗೆದುಹಾಕುತ್ತೇವೆ.