ಪರಿಷ್ಕೃತ ರಥವಿಕ್ರಯ ಮೀಮಾಂಸೆ

ಶಾಸ್ತ್ರಗ್ರಂಥವನ್ನು ರಚಿಸಹೊರಟವನು ಮೊದಲು ಅನುಬಂಧ ಚತುಷ್ಟಯವನ್ನು ನಿರೂಪಿಸತಕ್ಕದ್ದೆಂದು ಪೂರ್ವಿಕರು ವಿಧಿಸಿರುವುದರಿಂದ, ಈ ಅಲ್ಪಕೃತಿಯೂ ಆ ಮರ್ಯಾದೆಯನ್ನು ಮೀರುವಂತಿಲ್ಲ. ಇದರ ವಿಷಯವು, ಇಂಗ್ಲೆಂಡಿನ ಆಬಿಂಗ್‌ಡನ್ ಪಟ್ಟಣದಲ್ಲಿ 1962ರಿಂದ 1980ರ ವರೆಗೆ ತಯಾರಾಗಿ, ತದನಂತರ ಒಡೆಯರ ಕೈಯಿಂದ ನಾನಾವಿಧ ಸಂಸ್ಕಾರಗಳನ್ನು ಪಡೆದು, ಈಗ ವಿಕ್ರಯಕ್ಕೆ ಸಿದ್ಧವಾಗಿ ನಿಂತಿರುವ ಎಂ.ಜಿ.ಬಿ. ಎಂಬ ಕ್ರೀಡಾರಥ. ಪ್ರಯೋಜನವು, ಅದಕ್ಕೆ ಯುಕ್ತವಾದ ಬೆಲೆಯನ್ನು ಕಟ್ಟಿ ಮಾರಿ, ಗ್ಯಾರೇಜಿನಲ್ಲಿ ಸ್ಥಳವನ್ನೂ ಸಂಸಾರದಲ್ಲಿ ಶಾಂತಿಯನ್ನೂ ಸಂಪಾದಿಸುವುದು. ಸಂಬಂಧವು, ರಥಕ್ಕೂ ಒಡೆಯನಿಗೂ ನಡುವಣ ಮೋಹಪಾಶ. ಅದನ್ನು ಛೇದಿಸದ ಹೊರತು ಪ್ರಯೋಜನವು ಸಿದ್ಧಿಸದು. ಇನ್ನು ಅಧಿಕಾರಿ: ಯಾವನು ತಾನು ವೆಚ್ಚಮಾಡಿದ ಹಣವನ್ನು ಇದುವರೆಗೆ ಕೂಡಿ ನೋಡಿಲ್ಲವೋ ಅವನೇ ಈ ಶಾಸ್ತ್ರಾಧ್ಯಯನಕ್ಕೆ ಅರ್ಹನು. ಕೂಡಿ ನೋಡಿದವನಿಗೆ ಬೇಕಾದುದು ಶಾಸ್ತ್ರವಲ್ಲ, ವೈದ್ಯ.

ದೃಷ್ಟಾಂತಕ್ಕೆ ಈ ರಥವನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ಐದು ಲಕ್ಷಕ್ಕೂ ಮೀರಿ ತಯಾರಾಗಿ ಬಹುಪಾಲು ಅಮೆರಿಕೆಗೆ ರಫ್ತಾದ ಈ ಕಾರು ದುರ್ಲಭವಲ್ಲ, 1798 ಸಿ.ಸಿ. ಗಾತ್ರದ, ನಾಲ್ಕು ಸಿಲಿಂಡರುಗಳ, ಎರಕದ ಕಬ್ಬಿಣದ ಇದರ ಇಂಜಿನು ನಿಗೂಢವೂ ಅಲ್ಲ. ಬಿಡಿಭಾಗಗಳಾದರೋ ಎಷ್ಟು ಸುಲಭವಾಗಿ ದೊರೆಯುವುವೆಂದರೆ, ಕಾರ್ಖಾನೆಯ ಬಾಗಿಲು ಮುಚ್ಚಿ ಎಂಟು ವರ್ಷಗಳಾದ ಮೇಲೆ, 1988ರಲ್ಲಿ, ಹಳೆಯ ಅಚ್ಚುಗಳಿಂದಲೇ ಹೊಚ್ಚಹೊಸ ಒಡಲುಗಳನ್ನು ಒತ್ತಿ ಮಾರುವ ವ್ಯವಸ್ಥೆಯೂ ಆರಂಭವಾಯಿತು. ಆದಕಾರಣ ಕೈಯಲ್ಲಿ ಸ್ಪ್ಯಾನರನ್ನೂ ಮನಸ್ಸಿನಲ್ಲಿ ಅತೃಪ್ತಿಯನ್ನೂ ಹಿಡಿದ ಪ್ರತಿಯೊಬ್ಬ ಒಡೆಯನೂ ಇಲ್ಲಿ ವಿಶ್ವಕರ್ಮನಾಗಬಲ್ಲನು. ಬಹುಮಂದಿ ಆಗಿಯೂ ಇದ್ದಾರೆ.

ಮೊದಲನೆಯ ಜಿಜ್ಞಾಸೆ, ಮೂಲವೆಂದರೆ ಯಾವುದು ಎಂಬುದು. ರಥದಲ್ಲಿ ಬಂದೆನೆಂದು ಹೇಳಿದ ಮಿಲಿಂದ ರಾಜನನ್ನು ಭಿಕ್ಷು ನಾಗಸೇನನು, ಅಚ್ಚು ರಥವೋ, ಗಾಲಿ ರಥವೋ, ನೊಗ ರಥವೋ ಎಂದು ಒಂದೊಂದಾಗಿ ಪ್ರಶ್ನಿಸಿ, ರಥವೆಂಬುದು ಬರಿಯ ವ್ಯವಹಾರನಾಮವೆಂದು ಒಪ್ಪಿಸಿದ ಸಂಗತಿ ಬೌದ್ಧ ವಾಙ್ಮಯದಲ್ಲಿ ಪ್ರಸಿದ್ಧವಾಗಿದೆ. ಆ ರಾಜನು ರಥವನ್ನು ಮಾರಲು ಹೊರಟಿರಲಿಲ್ಲವಾದ್ದರಿಂದ ಚರ್ಚೆ ಸುಖಾಂತವಾಯಿತು. ಇಂದಿನ ಕ್ರೇತೃವು ಅಷ್ಟಕ್ಕೆ ಬಿಡುವವನಲ್ಲ. ಒಡಲಿನ ಸಂಖ್ಯೆಯೂ ಇಂಜಿನಿನ ಸಂಖ್ಯೆಯೂ ಕಾರ್ಖಾನೆಯ ದಫ್ತರದೊಡನೆ ತಾಳೆಯಾಗುವುವೇ ಎಂದು ಕೇಳಿ, ಗೇಡನ್ನಿನ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಕೊಡುವ ಪ್ರಮಾಣಪತ್ರವನ್ನು ತೋರಿಸೆನ್ನುವನು.

ಹಾಗಾದರೆ ತಯಾರಕನೇ ಮಾಡಿದ ಪರಿವರ್ತನೆಗಳ ಗತಿಯೇನು? 1974ರಲ್ಲಿ ಅಮೆರಿಕದ ಸುರಕ್ಷತಾ ನಿಯಮಗಳಿಗೆ ತಲೆಬಾಗಿ, ಹೊಳೆಯುವ ಕ್ರೋಮ್ ಬಂಪರುಗಳನ್ನು ತೆಗೆದು ಕರಿಯ ರಬ್ಬರಿನ ಬಂಪರುಗಳನ್ನು ತೊಡಿಸಿ, ಕಾರಿನ ನಿಲುವನ್ನೇ ಎತ್ತರಿಸಿ, ತಿರುವುಗಳಲ್ಲಿ ಅದು ಮೊದಲಿಗಿಂತ ಹೆಚ್ಚು ವಾಲುವಂತೆ ಮಾಡಿದವನು ತಯಾರಕನೇ. ಕೆನ್ ಕಾಸ್ಟೆಲೊ ಎಂಬ ಕುಶಲಿಯು ರೋವರ್ ಕಂಪನಿಯ 3528 ಸಿ.ಸಿ.ಯ ವಿ-8 ಇಂಜಿನನ್ನು ಇದರ ಒಡಲಿನಲ್ಲಿ ಕೂರಿಸಿ ತೋರಿಸಿದ ಮೇಲೆ, 1973ರಲ್ಲಿ ಕಾರ್ಖಾನೆಯೂ ಮುಚ್ಚು ಮಾಡಿನ ಜಿ.ಟಿ. ಮಾದರಿಗೆ ಅದನ್ನೇ ಮಾಡಿ, 1976ರ ವೇಳೆಗೆ 2591 ಕಾರುಗಳನ್ನು ಹೊರತಂದು ಕೈತೊಳೆದುಕೊಂಡಿತು. ಕಾರ್ಖಾನೆ ಮಾಡಿದರೆ ಇತಿಹಾಸ, ಒಡೆಯನು ಮಾಡಿದರೆ ಅಪಚಾರವೆ ಎಂದು ನೈಯಾಯಿಕನು ಕೇಳಬಹುದು. ಪೇಟೆಯ ಉತ್ತರ ನಿಸ್ಸಂದಿಗ್ಧ: ಅಹುದು. ತಯಾರಕನ ದೋಷಕ್ಕೆ ಪರಂಪರೆಯೆಂದೂ ಒಡೆಯನ ತಿದ್ದುಪಡಿಗೆ ವಿಕೃತಿಯೆಂದೂ ಅಲ್ಲಿ ಹೆಸರು. ರಬ್ಬರು ಬಂಪರನ್ನು ಕಳಚಿ ಕ್ರೋಮನ್ನು ಕೂರಿಸುವ ಪರಿವರ್ತನೆಯನ್ನು ಮಾತ್ರ ಅನೇಕರು ಕ್ಷಮಿಸುವರು. ಅದು ಪ್ರಾಯಶ್ಚಿತ್ತದ ಕೋಟಿಗೆ ಸೇರಿದುದು.

ಇನ್ನು ಸೂತ್ರಗಳು. ಇವು ಮೂರು, ಯಾವ ಪುರಾತನ ಗ್ರಂಥದಲ್ಲಿಯೂ ದೊರೆಯವು. ಸೂತ್ರಕಾರನೂ ಭಾಷ್ಯಕಾರನೂ ಪ್ರಸ್ತುತ ಲೇಖಕನೇ ಆಗಿರುವುದರಿಂದ ಸೂತ್ರಭಾಷ್ಯಗಳಲ್ಲಿ ಪರಸ್ಪರ ವಿರೋಧ ಬರುವ ಸಂಭವ ಕಡಮೆ.

ಪ್ರಥಮ ಸೂತ್ರ: “ವ್ಯಯೋ ನ ಮೂಲ್ಯಮ್.” ಖರ್ಚು ಬೇರೆ, ಬೆಲೆ ಬೇರೆ ಎಂದು ತಾತ್ಪರ್ಯ. ಇಲ್ಲಿ ಪೂರ್ವಪಕ್ಷಿಯು ಹೇಳುವನು: “ಹತ್ತು ಸಾವಿರ ಪೌಂಡಿಗೆ ಕಾರು ಕೊಂಡೆ, ಇಂಜಿನಿಗೆ ಆರು, ಗೇರುಪೆಟ್ಟಿಗೆಗೆ ಮೂರು, ಬಣ್ಣಕ್ಕೆ ಐದು ಸಾವಿರ ಸುರಿದೆ, ಆದಕಾರಣ ಬೆಲೆ ಇಪ್ಪತ್ನಾಲ್ಕು ಸಾವಿರ, ನನ್ನ ಭಾನುವಾರಗಳನ್ನು ಧರ್ಮಾರ್ಥವಾಗಿ ಬಿಟ್ಟಿದ್ದೇನೆ.” ಸಿದ್ಧಾಂತಿಯ ಉತ್ತರ: ಸಂಕಲನ ಸರಿ, ತರ್ಕ ತಪ್ಪು. ಮಗಳ ಮದುವೆಗೆ ಆದ ಖರ್ಚೆಲ್ಲವನ್ನೂ ಕೂಡಿ ಅಳಿಯನ ಯೋಗ್ಯತೆ ಇಷ್ಟೆಂದು ನಿರ್ಣಯಿಸುವ ಮಾವನುಂಟೆ? ಕೊಳ್ಳುವವನು ತೂಗಿ ನೋಡುವುದು, ಇಂಥದೇ ಕಾರು ಇಂದು ಬೇರೆ ಕಡೆ ಎಷ್ಟಕ್ಕೆ ದೊರೆತೀತು ಎಂಬುದನ್ನು ಮಾತ್ರ. ಹಾಗಾದರೆ ರಸೀತಿಗಳ ಕಂತೆ ವ್ಯರ್ಥವೆ? ಅಲ್ಲ, ಕೆಲಸ ನಡೆಯಿತೆಂಬುದಕ್ಕೆ ಅದು ಶಬ್ದಪ್ರಮಾಣ, ಹಣ ಮರಳಬೇಕೆಂಬುದಕ್ಕೆ ಅಲ್ಲ. ಬ್ರಿಟನ್ನಿನ ತೆರಿಗೆಯ ಶಾಸನವು ಈ ತತ್ತ್ವವನ್ನು ಬಹುಕಾಲದಿಂದ ಬಲ್ಲದು: ಖಾಸಗಿ ಕಾರನ್ನು ಮಾರಿ ಬಂದ ಲಾಭಕ್ಕೆ ಅದು ಬಂಡವಾಳ ಲಾಭದ ತೆರಿಗೆಯನ್ನು ವಿಧಿಸದು, ನಷ್ಟವನ್ನು ತೋರಿಸಿ ರಿಯಾಯಿತಿ ಬೇಡಲೂ ಬಿಡದು. ಇಲ್ಲಿ ಲಾಭವೆಷ್ಟು ವಿರಳ, ನಷ್ಟವೆಷ್ಟು ಸುಲಭವೆಂಬುದನ್ನು ಚೆನ್ನಾಗಿ ಅರಿತೇ ಈ ಔದಾರ್ಯವನ್ನು ತೋರಿದ್ದಾರೆಂದು ಊಹಿಸಬಹುದು.

ದ್ವಿತೀಯ ಸೂತ್ರ: “ಪ್ರತ್ಯಾವರ್ತನೀಯಂ ವರಮ್.” ಮರಳಿ ಮೊದಲಿನಂತೆ ಮಾಡಬಹುದಾದುದು ಮೇಲು. ಪರಿವರ್ತನೆಗಳು ಗುಣಭೇದದಿಂದ ಮೂರು ಬಗೆ. ಬಾನೆಟ್ ಮುಚ್ಚಿದರೆ ಯಾರ ಕಣ್ಣಿಗೂ ಬೀಳದೆ ಕಾರನ್ನು ನಂಬಿಕೆಗೆ ಅರ್ಹವಾಗಿಸುವ ಎಲೆಕ್ಟ್ರಾನಿಕ್ ಇಗ್ನಿಷನ್, ಸೀಸರಹಿತ ಪೆಟ್ರೋಲನ್ನು ತಾಳಬಲ್ಲ ಗಟ್ಟಿ ವಾಲ್ವ್ ಸೀಟುಗಳು, ವಿದ್ಯುತ್ ಫ್ಯಾನು ಇತ್ಯಾದಿ ಸಾತ್ತ್ವಿಕ. ಇವನ್ನು ಯಾರೂ ದೂಷಿಸರು, ಪ್ರತ್ಯೇಕ ಬೆಲೆಯನ್ನೂ ಕೊಡರು. ಸಾತ್ತ್ವಿಕರ ಪಾಡು ಎಲ್ಲೆಲ್ಲಿಯೂ ಹೀಗೆಯೇ. ಜೋಡಿ ಎಸ್.ಯು. ಕಾರ್ಬ್ಯುರೇಟರುಗಳನ್ನು ಇಳಿಸಿ ಏರಿಸಿದ ವೆಬರ್, ಅಗಲವಾದ ಗಾಲಿ, ಮರದ ಸ್ಟೀರಿಂಗು, ಐದು ಗೇರುಗಳ ಪೆಟ್ಟಿಗೆ ಮೊದಲಾದವು ರಾಜಸ. ಇವು ಸದ್ದುಮಾಡುವುವು, ಹೊಗಳಿಕೆಯನ್ನು ಬಯಸುವುವು, ಕಳಚಿದ ಮೂಲಭಾಗಗಳು ಪೆಟ್ಟಿಗೆಯಲ್ಲಿ ಕಾದಿದ್ದರೆ ಮನ್ನಣೆಯನ್ನೂ ಪಡೆಯುವುವು. ಒಡಲನ್ನು ಕೊಯ್ದು, ಗಾಲಿಯ ಕಮಾನುಗಳನ್ನು ಉಬ್ಬಿಸಿ ಬೆಸೆದು, ಹಿಂದಿರುಗುವ ದಾರಿಯನ್ನೇ ಕಡಿದು ಹಾಕಿದುದು ತಾಮಸ; ಇದನ್ನು ಕೊಳ್ಳುವವನು ಲೋಕದಲ್ಲಿ ಒಬ್ಬನಿದ್ದಾನೆಂದೂ, ಅವನು ಸಾಮಾನ್ಯವಾಗಿ ಬೇರೊಂದು ದೇಶದಲ್ಲಿರುವನೆಂದೂ ತಿಳಿಯತಕ್ಕದ್ದು.

ಈ ವಿಷಯದಲ್ಲಿ ರಾಜಶಾಸನದ ವ್ಯಾಖ್ಯಾನವೂ ರುಚಿಕರವಾಗಿದೆ. ಬ್ರಿಟನ್ನಿನಲ್ಲಿ 2018ರ ಮೇ ತಿಂಗಳಿಂದ, ನಲವತ್ತು ವರ್ಷ ದಾಟಿದ ಕಾರಿಗೆ ಎಂ.ಓ.ಟಿ. ಎಂಬ ವಾರ್ಷಿಕ ತಪಾಸಣೆಯಿಂದ ವಿನಾಯಿತಿಯುಂಟು; ಆದರೆ ಹಿಂದಿನ ಮೂವತ್ತು ವರ್ಷಗಳಲ್ಲಿ ಅದು ಗಣನೀಯವಾಗಿ ಬದಲಾಗಿರಕೂಡದು. ಸಿಲಿಂಡರುಗಳ ಸಂಖ್ಯೆ ಬೇರೆಯಾಗಿದ್ದರೆ ಇಂಜಿನು ಮೂಲದ್ದಲ್ಲವೆಂದು ಎಣಿಸುವ ಸಂಭವವಿದೆ, ಆದರೆ ಹಾಗೆಂದೇ ನಿಶ್ಚಯವಲ್ಲ ಎಂದು ಮಾರ್ಗದರ್ಶಿ ನಿಯಮಗಳು ಸ್ಯಾದ್ವಾದಿಗಳೂ ಮೆಚ್ಚುವಂತೆ ನುಡಿಯುವುವು. ನಮ್ಮ ದೇಶದಲ್ಲಿಯೂ 2021ರ ನಿಯಮಗಳು, ಐವತ್ತು ವರ್ಷ ಮೀರಿ ಮೂಲರೂಪವನ್ನು ಕಾಪಾಡಿಕೊಂಡಿರುವ ವಾಹನಕ್ಕೇ ವಿಂಟೇಜ್ ಎಂಬ ಬಿರುದನ್ನು ಮೀಸಲಿಟ್ಟಿವೆ. ಮುಪ್ಪಿಗೆ ಗೌರವವಿದೆ, ಮುಪ್ಪಿನಲ್ಲಿ ಮಾಡಿಕೊಂಡ ಅಲಂಕಾರಕ್ಕಿಲ್ಲವೆಂದು ಉಭಯ ದೇಶಗಳ ಅಭಿಪ್ರಾಯ.

ತೃತೀಯ ಸೂತ್ರ: “ರುಚಿರವಿಕ್ರೇಯಾ.” ಅಭಿರುಚಿಯು ಮಾರತಕ್ಕ ಪದಾರ್ಥವಲ್ಲ. ಕಡುನೇರಳೆ ಬಣ್ಣವನ್ನು ಆರಿಸಿದ ಒಡೆಯನು ಅದಕ್ಕೆ ಬೆಲೆ ಕೂಡಿಸುವನು. ಕೊಳ್ಳುವವನು ಮತ್ತೆ ಬಣ್ಣ ಹೊಡೆಸುವ ಖರ್ಚನ್ನು ಕಳೆಯುವನು. ಒಂದೇ ಬಣ್ಣ ಒಬ್ಬನಿಗೆ ಧನ, ಮತ್ತೊಬ್ಬನಿಗೆ ಋಣ. ಇಂಥಲ್ಲಿ ಬೆಲೆಯ ನಿರ್ಣಯ ಪ್ರಮಾಣಗಳಿಂದಲೇ ಆಗಬೇಕು. ಪ್ರತ್ಯಕ್ಷವು ತುಕ್ಕು: ಒಡಲೇ ಚೌಕಟ್ಟಾಗಿರುವ ಈ ಕಾರಿಗೆ ಬಾಗಿಲ ಕೆಳಗಿನ ಸಿಲ್‌ಗಳೇ ಬೆನ್ನೆಲುಬು, ಅವು ಒಳಗೇ ಸವೆದಿದ್ದರೆ, ಮೇಲೆ ಎಷ್ಟೇ ಹೊಳಪಿದ್ದರೂ, ಜಾಕಿಯಿಂದ ಎತ್ತಿದೊಡನೆ ಬಾಗಿಲ ಸಂದು ಕಿರಿದಾಗಿ ನಿಜವನ್ನು ನುಡಿಯುವುದು. ಅನುಮಾನವು, ಇತರರು ತಮ್ಮ ಕಾರಿಗೆ ಕೇಳುತ್ತಿರುವ ಬೆಲೆಯಿಂದ ತನ್ನದನ್ನು ಊಹಿಸುವುದು. ಇದು ಹೇತ್ವಾಭಾಸ, ಏಕೆಂದರೆ ಕೇಳಿದ ಬೆಲೆಯು ಆಶೆ, ಮಾರಿದ ಬೆಲೆಯೇ ಘಟನೆ. ಶಬ್ದವು, ವಿಮಾ ಕಂಪನಿಯು ಒಪ್ಪಿ ಬರೆದುಕೊಟ್ಟ ಮೌಲ್ಯ. ಅದು ಕಾರು ಕಳವಾದರೆ ಇಲ್ಲವೆ ನಾಶವಾದರೆ ಮಾತ್ರ ಫಲಿಸುವ ವರವಾದ್ದರಿಂದ ಮಾರಾಟಕ್ಕೆ ಅನ್ವಯಿಸದು. ಹರಾಜಿನಲ್ಲಿ ಸುತ್ತಿಗೆ ಬಿದ್ದ ಬೆಲೆಯೇ ಪರಮಪ್ರಮಾಣವೆಂದರೆ, ಅದರಿಂದ ಮಾರುವವನ ಕಮಿಷನ್ ಕಳೆದು, ಕೊಳ್ಳುವವನ ಪ್ರೀಮಿಯಂ ಕೂಡಿ, ಒಂದೇ ಕಾರು ಒಂದೇ ಕ್ಷಣದಲ್ಲಿ ಮೂರು ಬೆಲೆಗಳನ್ನು ಧರಿಸಿ ತ್ರಿಮೂರ್ತಿಯಾಗುವುದು.

ಜಾಹೀರಾತು ಧ್ವನಿಕಾವ್ಯದ ವರ್ಗಕ್ಕೆ ಸೇರಿದುದು. ಆನಂದವರ್ಧನನ ಮತವನ್ನರಿಯದವನು ಇದನ್ನು ಓದಬಾರದು. “ಅಲ್ಪಸ್ವಲ್ಪ ಕೆಲಸ ಬಾಕಿ” ಎಂಬಲ್ಲಿ ವಾಚ್ಯಾರ್ಥ ಅಲ್ಪತ್ವ. ವ್ಯಂಗ್ಯಾರ್ಥ, ಮಾರುವವನು ಯತ್ನಿಸಿ ಸೋತನೆಂಬುದು. “ತ್ವರೆಯಿಲ್ಲ” ಎಂದರೆ ಬಹಳ ದಿನಗಳಿಂದ ಯಾರೂ ಕೇಳಿಲ್ಲ. “ಸ್ಥಳಾಭಾವದಿಂದ ಮಾರಾಟ” ಎಂದರೆ ಮತ್ತೊಂದು ಕಾರು ಆಗಲೇ ಬಂದಿದೆ. “ವೇಗದ ರಸ್ತೆಗೆ ಯೋಗ್ಯ” ಎಂಬಲ್ಲಿ ಧ್ವನಿಯು ಶ್ರವಣೇಂದ್ರಿಯಕ್ಕೇ ಗೋಚರ.

ಕ್ರೇತೃಗಳಲ್ಲಿ, ಟಯರನ್ನು ಕಾಲಿನಿಂದ ಒತ್ತಿ ನೋಡಿ ತನ್ನ ತಂದೆಯ ಕಾರಿನ ಕಥೆ ಹೇಳಿ ಹೊರಡುವವನು ಅಧಮ. ಫೋಟೋಗಳನ್ನೇ ಬೇಡುತ್ತ ಬಾರದೆ ಇರುವವನು ಮಧ್ಯಮ. ಮಾತಾಡದೆ ನೆಲಕ್ಕೊರಗಿ ಕಾರಿನ ಅಡಿಯನ್ನು ಟಾರ್ಚು ಹಿಡಿದು ನೋಡುವವನು ಉತ್ತಮ, ಮತ್ತು ಅತ್ಯಂತ ಅಪಾಯಕಾರಿ. ವ್ಯವಹಾರ ಮುಗಿದ ಮೇಲೆ ಪಶ್ಚಾತ್ತಾಪವುಂಟಾದರೆ ಹಿಂದೆಗೆಯಲು ಕೌಟಿಲ್ಯನು ವರ್ತಕರಿಗೆ ಒಂದು ರಾತ್ರಿ, ಕೃಷಿಕರಿಗೆ ಮೂರು, ಗೋಪಾಲಕರಿಗೆ ಐದು ರಾತ್ರಿಗಳ ಅವಧಿಯನ್ನು ಕೊಟ್ಟಿದ್ದಾನೆ. ರಥಾಧ್ಯಕ್ಷನಿಗೆಂದೇ ಒಂದು ಪ್ರಕರಣವನ್ನು ಮುಡಿಪಾಗಿಟ್ಟ ಆ ಮಹಾಶಯನು, ತಾನೇ ತಿದ್ದಿ ತೀಡಿದ ಕಾರನ್ನು ಮಾರಿದವನಿಗೆ ಎಷ್ಟು ರಾತ್ರಿಗಳೆಂದು ವಿಧಿಸದೆ ಹೋದುದು ಸಂಖ್ಯಾಶಾಸ್ತ್ರದ ಮಿತಿಯನ್ನರಿತೇ ಇರಬೇಕು.

ಇತಿ ಸಿದ್ಧಾಂತ: ಪರಿಷ್ಕೃತ ರಥದ ಬೆಲೆಯು, ಅದನ್ನು ಪರಿಷ್ಕರಿಸದೆ ಬಿಟ್ಟಿದ್ದರೆ ಬರುತ್ತಿದ್ದ ಬೆಲೆಗಿಂತ ಸಾಮಾನ್ಯವಾಗಿ ಕಡಮೆ, ಖರ್ಚಿಗಿಂತ ನಿಶ್ಚಯವಾಗಿ ಕಡಮೆ, ಅಪರಿಚಿತನೊಬ್ಬನು ಹಣ ಎಣಿಸಿಕೊಡುವ ವರೆಗೆ ಅನಿರ್ವಚನೀಯ. ಆದಕಾರಣ ಓದುಗರಲ್ಲಿ ರಥಿಕರಾರಾದರೂ ಇದ್ದರೆ ವಿಜ್ಞಾಪನೆ ಇಷ್ಟೆ: ಕಳಚಿದ ಭಾಗಗಳನ್ನು ಎಸೆಯದೆ ಹೆಸರು ಬರೆದಿಡಿ, ಇಂಜಿನು ಬದಲಾಗಿದ್ದರೆ ನೋಂದಣಿ ಪತ್ರದಲ್ಲಿ ತಪ್ಪದೆ ತಿದ್ದಿಸಿರಿ, ರಸೀತಿಗಳೆಲ್ಲವನ್ನೂ ತಾರೀಖಿನ ಕ್ರಮದಲ್ಲಿ ಜೋಡಿಸಿ ಕೊಳ್ಳುವವನ ಕೈಗೆ ಕೊಡಿರಿ, ಮೊತ್ತವನ್ನು ಮಾತ್ರ ಅವನೇ ಹಾಕಿಕೊಳ್ಳಲಿ.